ಸ್ಕಾ ಮ್ಯೂಸಿಕ್ ಕೇಳ್ಲಿಕ್ಕೆ ಎಲ್ಲಿಂದ ಸುರು ಮಾಡುದು ಮಾರ್ರೆ?

ಪಚ್ಚೆಮೆಣಸು:
ಎಲ್ರಿಗೂ ನಮಸ್ಕಾರ. ಹೋದ ವಾರ ಅಣ್ಣ ದುಬಾಯಿಂದ ಬಂದ, ಕರ್ಕೊಂಡು ಬರ್ಲಿಕ್ಕೆ ಬಜ್ಪೆ ಏರ್‌ಪೋರ್ಟಿಗೆ ಹೋಗಿದ್ದೆ, ವಾಪಸ್ ಬರುವಾಗ ಅವ ಕಾರಲ್ಲಿ ಒಂದು ಹಾಡು ಹಾಕಿದ ನೋಡಿ, ಕಾವೂರು ದಾಟುವಷ್ಟರಲ್ಲಿ ನಾಲ್ಕು ಸಲ ಅದನ್ನೇ ಹಾಕ್ಸಿದೆ. ಸುರುವಿಗೇ ಟ್ರೋಂಬೋನ್, ಭರ್ತಿ ಊಟ ಮಾಡಿ ಗೋಡೆಗೆ ಒರಗಿ ಕೂತವ ಊದಿದ ಹಾಗೆ, ಹಿಂದಿಂದ ಗಿಟಾರ್ ಚಕ್ ಚಕ್ ಚಕ್ ಅಂತ. ಹಾಡಿನ ಹೆಸರು 'ಎ ಮೆಸೇಜ್ ಟು ಯೂ ರೂಡಿ', ಬ್ಯಾಂಡು ಸ್ಪೆಷಲ್ಸ್, ಈ ತರದ್ದಕ್ಕೆ ಸ್ಕಾ ಅಂತ ಹೇಳುದಂತೆ. ಅಣ್ಣನಿಗೂ ಅಷ್ಟೇ ಗೊತ್ತಿರುದು. ಯೂಟ್ಯೂಬಲ್ಲಿ ಸ್ಕಾ ಅಂತ ಹಾಕಿದ್ರೆ ಒಂದು ಕಡೆ ಕೋಟು ಟೈ ಹಾಕಿದ ಹಳೇ ಕಾಲದವರು, ಇನ್ನೊಂದು ಕಡೆ ಚಡ್ಡಿ ಹಾಕಿ ಹಾರುವ ಅಮೆರಿಕದ ಹುಡುಗ್ರು, ಎರಡೂ ಒಂದೇಯಾ? ರೆಗೆಯನ್ನು ಸ್ಪೀಡ್ ಮಾಡಿದ್ರೆ ಸ್ಕಾ ಆಗ್ತದಾ? ಐದಾರು ಹಾಡು ಹೇಳಿ ಸಾಕು. ಇತಿಹಾಸ ಪಾಠ ಬೇಡ ಪ್ಲೀಸ್.

ಚೆಕ್ಸ್ ಶರ್ಟ್:
ರೆಗೆ ಸ್ಪೀಡ್ ಮಾಡಿದ್ರೆ ಸ್ಕಾ ಅಲ್ಲ, ಸ್ಕಾ ಸ್ಲೋ ಆಗಿ ರೆಗೆ ಆದದ್ದು. ನೀವು ಅಜ್ಜನನ್ನು ಹಿಡಿದು ಮೊಮ್ಮಗನ ಹಾಗೇ ಇದ್ದಾರೆ ಅಂತ ಹೇಳಿದ ಹಾಗಾಯ್ತು. ಜಮೈಕಾದಲ್ಲಿ 1950ರ ದಶಕದ ಕೊನೆಗೆ ಸ್ಕಾ, 1966ರ ಹೊತ್ತಿಗೆ ಅದು ನಿಧಾನ ಆಗಿ ರಾಕ್‌ಸ್ಟೆಡಿ, ಮತ್ತೆ 1968ರ ಹೊತ್ತಿಗೆ ರೆಗೆ. ಬಾಬ್ ಮಾರ್ಲಿಯ ವೇಲರ್ಸ್ 1964ರಲ್ಲಿ ಹಿಟ್ ಮಾಡಿದ 'ಸಿಮ್ಮರ್ ಡೌನ್' ಪಕ್ಕಾ ಸ್ಕಾ, ಮಾರ್ಲಿಗೆ ಆಗ ಇಪ್ಪತ್ತು ತುಂಬಿರ್ಲಿಲ್ಲ. ಪಾಠ ಬೇಡ ಅಂದಿದ್ರಿ, ಸಾರಿ, ಬಾಯಿ ನಿಲ್ಲುದಿಲ್ಲ.

ನೀವು ಸ್ಪೆಷಲ್ಸಿಂದ ಬಂದವರಲ್ವಾ, ಸ್ವಲ್ಪ ದಿನ ಅಲ್ಲೇ ಇರಿ. 1979ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಅದೇ ಬ್ಯಾಂಡಿನ ಜೆರ್ರಿ ಡ್ಯಾಮರ್ಸ್ ಟು ಟೋನ್ ಅಂತ ರೆಕಾರ್ಡ್ ಕಂಪೆನಿ ಮಾಡಿದ್ರು, ಕರಿಯರು ಬಿಳಿಯರು ಒಟ್ಟಿಗೇ ಇದ್ದ ಬ್ಯಾಂಡುಗಳು, ಆ ಕಪ್ಪು ಬಿಳಿ ಚೌಕುಳಿ ಡಿಸೈನು ಅಲ್ಲಿಂದ ಬಂದದ್ದು. ಸೆಲೆಕ್ಟರ್‌ನ 'ಆನ್ ಮೈ ರೇಡಿಯೋ' ಕೇಳಿ, ಪೌಲೀನ್ ಬ್ಲ್ಯಾಕ್ ಸ್ವರ ಮೇಲೆ ಹಾರಿ ಒಡೆಯುವ ಜಾಗ ಒಂದು ಉಂಟು, ಅಲ್ಲಿ ನೀವು ಬಿದ್ರಿ. ದ ಬೀಟ್‌ನ 'ಮಿರರ್ ಇನ್ ದ ಬಾತ್‌ರೂಮ್'. ಮ್ಯಾಡ್‌ನೆಸ್‌ನ 'ಒನ್ ಸ್ಟೆಪ್ ಬಿಯಾಂಡ್'. ಸ್ಪೆಷಲ್ಸ್‌ದ್ದೇ 'ಘೋಸ್ಟ್ ಟೌನ್' ಮಾತ್ರ ರಾತ್ರಿಗೆ ಇಟ್ಕೊಳ್ಳಿ. 1981, ಫ್ಯಾಕ್ಟರಿ ಮುಚ್ಚಿ ಕೆಲಸ ಹೋಗಿ ಊರಿಗೆ ಊರೇ ಖಾಲಿ ಹೊಡೀತಿತ್ತು, ಆ ಹಾಡು ಅಲ್ಲಿ ನಂಬರ್ ಒನ್ ಇದ್ದ ವಾರಗಳಲ್ಲೇ ಊರೂರಲ್ಲಿ ಗಲಾಟೆ ನಡೀತಾ ಇತ್ತು. ಬಂದ್ ದಿನ ಸಂಜೆ ಹಂಪನಕಟ್ಟೆಯಲ್ಲಿ ಒಬ್ಬರೇ ನಡೆದವರಿಗೆ ಅರ್ಥ ಮಾಡಿ ಹೇಳ್ಬೇಕಾಗಿಲ್ಲ.

ಹಾಸ್ಟೆಲ್ ಮಣಿಪಾಲ:
ಬ್ರೋ ಇಷ್ಟೆಲ್ಲ ಯಾಕೆ, ಮೈಟಿ ಮೈಟಿ ಬಾಸ್‌ಟೋನ್ಸ್ 'ದ ಇಂಪ್ರೆಶನ್ ದಟ್ ಐ ಗೆಟ್', ರೀಲ್ ಬಿಗ್ ಫಿಶ್ 'ಸೆಲ್ ಔಟ್', ಎರಡೂ ತೊಂಬತ್ತರ ದಶಕದ್ದು, ಪಂಕ್ ಪ್ಲಸ್ ಹಾರ್ನ್ಸ್, ಫುಲ್ ಎನರ್ಜಿ. ಹಳೇದು ನಿದ್ದೆ ಬರ್ತದೆ.

ಚೆಕ್ಸ್ ಶರ್ಟ್:
ನಿದ್ದೆ ಬರುದು ನಿಮ್ಮ ಹಾಸ್ಟೆಲ್ ಸ್ಪೀಕರಿಂದ. ಪಂಕ್ ಸೈಡಿಂದಲೇ ಬರುದಾದ್ರೆ ಆಪರೇಷನ್ ಐವಿ ಹೇಳಿ ಮಾರಾಯ, ಎರಡೇ ವರ್ಷ ಇದ್ದ ಬ್ಯಾಂಡು, 1989ರ 'ಎನರ್ಜಿ' ಅಂತ ಒಂದೇ ಆಲ್ಬಮ್ಮು.

ಟ್ರೋಂಬೋನ್ ಮಾಮ:
ಪಚ್ಚೆಮೆಣಸು, ನಾನು ಇಪ್ಪತ್ತೆರಡು ವರ್ಷದಿಂದ ಬ್ಯಾಂಡಲ್ಲಿ ಟ್ರೋಂಬೋನ್ ಊದುವವ, ಮದುವೆಗೆ ಮುಂಚಿನ ರೋಸ್ ಕಾರ್ಯಕ್ರಮಕ್ಕೆ, ಮದುವೆಗೆ, ಚರ್ಚಿನ ಫೆಸ್ತಿಗೆ, ಮರಣದ ಮೆರವಣಿಗೆಗೆ, ಕರೆದಲ್ಲಿಗೆ ಹೋಗುದು. ಹಾಗಾಗಿ ನೀವು ಆ ಟ್ರೋಂಬೋನ್ ಹಿಡ್ಕೊಂಡದ್ದು ಓದಿ ಖುಷಿ ಆಯ್ತು, ಎಲ್ರೂ ಹಾಡುವವನ ಹೆಸ್ರು ಮಾತ್ರ ಕೇಳುದು.

ಊದಿದವರು ರಿಕೋ ರೋಡ್ರಿಗಸ್. ಮೊದಲ ಸಲ ಹೆಸ್ರು ಓದಿ ನಮ್ಮ ಕಡೆಯವರಾ ಅಂತ ಡೌಟು ಬಂದಿತ್ತು, ನಮ್ಮ ವಾಡೆಯಲ್ಲೇ ಏಳು ಮನೆ ರೋಡ್ರಿಗಸ್ ಉಂಟು. ಅಲ್ಲ, ಕ್ಯೂಬಾದಲ್ಲಿ ಹುಟ್ಟಿ ಜಮೈಕಾದಲ್ಲಿ ಬೆಳೆದವರು. ಆ ಹಾಡನ್ನು 1967ರಲ್ಲಿ ಮೊದಲು ಹಾಡಿದ್ದು ಡ್ಯಾಂಡಿ ಲಿವಿಂಗ್‌ಸ್ಟನ್, ಅದಕ್ಕೂ ಊದಿದ್ದು ಇವರೇ, ಹನ್ನೆರಡು ವರ್ಷ ಬಿಟ್ಟು ಸ್ಪೆಷಲ್ಸ್ ಹುಡುಗ್ರು ಹಾಡುವಾಗ ಮತ್ತೆ ಇವರೇ. ಟ್ರಂಪೆಟಿಗಾದ್ರೆ ಬಟನ್ ಉಂಟು, ಒತ್ತಿದ್ರೆ ಆಯ್ತು. ಟ್ರೋಂಬೋನಿನ ಸ್ಲೈಡಿಗೆ ಏಳು ಜಾಗ, ಒಂದಕ್ಕೂ ಗುರುತು ಇಲ್ಲ, ಕಿವಿ ಹೇಳಿದಲ್ಲಿ ಕೈ ನಿಲ್ಬೇಕು. ರಿಕೋ ಆ ಜಾಗಕ್ಕೆ ಅವಸರದಲ್ಲಿ ಹೋಗುದೇ ಇಲ್ಲ, ಜಾರಿಕೊಂಡು ಹೋಗಿ ಕೂತ್ಕೊಳ್ತಾರೆ. ನಾನು ಆ ಸುರುವಿನ ಸಾಲು ಮನೆಯಲ್ಲಿ ಟ್ರೈ ಮಾಡ್ತೇನೆ, ಸ್ವರ ಎಲ್ಲ ಬರ್ತದೆ, ಆ ಉದಾಸೀನ ಮಾತ್ರ ಬರುದಿಲ್ಲ.

ಇವರು ಕಲಿತದ್ದು ಕಿಂಗ್‌ಸ್ಟನ್‌ನ ಆಲ್ಫಾ ಬಾಯ್ಸ್ ಸ್ಕೂಲಲ್ಲಿ, ಕ್ಯಾಥೊಲಿಕ್ ಸಿಸ್ಟರ್‌ಗಳು ನಡೆಸ್ತಿದ್ದದ್ದು, ಬಡ ಮಕ್ಕಳು, ಪೋಕ್ರಿ ಮಕ್ಕಳು ಎಲ್ಲ ಅಲ್ಲಿ. ಸಿಸ್ಟರ್ ಮೇರಿ ಇಗ್ನೇಶಿಯಸ್ ಅಂತ ಒಬ್ರು ಬ್ಯಾಂಡು ನೋಡ್ಕೊಳ್ತಿದ್ರು, ಅವರಿಗೆ ಮ್ಯೂಸಿಕ್ ಅಂದ್ರೆ ಪ್ರಾಣ. 1964ರಲ್ಲಿ ಸ್ಕೇಟಲೈಟ್ಸ್ ಸುರು ಆದಾಗ ಅದ್ರಲ್ಲಿ ಟಾಮಿ ಮೆಕುಕ್, ಡಾನ್ ಡ್ರಮಂಡ್, ಜಾನಿ ಮೂರ್, ಲೆಸ್ಟರ್ ಸ್ಟರ್ಲಿಂಗ್, ನಾಲ್ಕೂ ಜನ ಆಲ್ಫಾದವರೇ. ಮರು ವರ್ಷವೇ ಬ್ಯಾಂಡು ಒಡೆದುಹೋಯ್ತು, ಆದ್ರೆ ಅಷ್ಟರೊಳಗೆ ಆ ಊರಿನ ಅರ್ಧ ಹಾಡುಗಳ ಹಿಂದೆ ಅವರೇ. ಮೇಲೆ ಹೇಳಿದ 'ಸಿಮ್ಮರ್ ಡೌನ್'ಗೆ ಊದಿದ್ದೂ ಅವರೇ. ಅವರ 'ಗನ್ಸ್ ಆಫ್ ನವರೋನ್' ಕೇಳಿ, ಸಿನಿಮಾ ಟ್ಯೂನನ್ನು ಎತ್ತಿ ಕುಣಿಸಿದ್ದಾರೆ, ನಾವು ರೋಸಿಗೆ ಹಿಂದಿ ಹಾಡು ಎತ್ತುದಿಲ್ವಾ ಹಾಗೆ. ಸ್ಯಾಕ್ಸೋಫೋನ್ ಬಗ್ಗೆ ಕದ್ರಿ ಗೋಪಾಲನಾಥರ ಊರಿನವರಿಗೆ ನಾನು ಎಂತ ಹೇಳುದು, ನೀವೇ ಕೇಳಿ.

ಮೃದಂಗ ಉಡುಪಿ:
ನಾನು ಸ್ಕಾ ಕೇಳಿದ್ದು ಇವತ್ತೇ, ಈ ಪೋಸ್ಟ್ ನೋಡಿ. ಒಂದು ವಿಷಯ. ಆ ಚಕ್ ಚಕ್ ಎಲ್ಲಿ ಬೀಳ್ತದೆ ಅಂತ ನೋಡ್ಲಿಕ್ಕೆ ತೊಡೆಯಲ್ಲಿ ತಾಳ ಹಾಕಿ ಕೂತೆ, ನಾಲ್ಕು ಎಣಿಸುದು, ಗಿಟಾರ್ ಒಮ್ಮೆಯೂ ನನ್ನ ಕೈಯೊಟ್ಟಿಗೆ ಬರುದಿಲ್ಲ, ಕೈ ಮೇಲೆ ಎದ್ದಾಗ ಬರ್ತದೆ. ಅರ್ಧ ಬಿಟ್ಟು ಎತ್ತುವ ಕೀರ್ತನೆ ನಮ್ಮಲ್ಲೂ ಉಂಟು, ಆದ್ರೆ ಎತ್ತಿದ ಮೇಲೆ ಅದು ತಾಳದೊಟ್ಟಿಗೆ ರಾಜಿ ಆಗ್ತದೆ, ಇವರದ್ದು ಹಾಡು ಮುಗಿಯುವವರೆಗೆ ರಾಜಿ ಇಲ್ಲ. ಹೊಸಬರು ತಾಳ ಹಾಕಿಯೇ ಕೇಳಿ, ಮಜಾ ಉಂಟು.

ಕುಂದಾಪ್ರ ಹೈದ:
ನಮ್ಮ ದೇಶದ್ದ್ ಯಾರೂ ಹೇಳ್ಲಿಲ್ಲ ಮರ್ರೆ? ದಿಲ್ಲಿಯ ಸ್ಕಾ ವೆಂಜರ್ಸ್, 2009ರಿಂದ ಇದ್ದಾರೆ. ಅವರ 'ಫ್ರ್ಯಾಂಕ್ ಬ್ರೆಜಿಲ್' ಉಧಮ್ ಸಿಂಗ್ ಮೇಲಿನ ಹಾಡು, ಅದು ಉಧಮ್ ಸಿಂಗ್ ಇಟ್ಕೊಂಡಿದ್ದ ಇನ್ನೊಂದು ಹೆಸ್ರು. ಮತ್ತೆ ಜಪಾನಿನ ಟೋಕಿಯೋ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾದ ಯಾವ್ದಾದ್ರೂ ಲೈವ್ ವಿಡಿಯೋ ಕಾಣಿ, ಎಲ್ರೂ ಒಂದೇ ತರದ ಸೂಟು ಹಾಕಿ ಓಡಾಡ್ಕೊಂಡ್ ಊದ್ತಾರೆ, ಉಸಿರು ಎಲ್ಲಿಂದ ತರ್ತಾರೋ.

ಪಚ್ಚೆಮೆಣಸು:
ಎಲ್ರಿಗೂ ತುಂಬ ಥ್ಯಾಂಕ್ಸ್, ಬೇಡ ಅಂದ್ರೂ ಪಾಠ ಮಾಡಿದವರಿಗೂ. ಎರಡು ದಿನ ಆಫೀಸಿಗೆ ಹೋಗುವ ಬಸ್ಸಲ್ಲಿ ಇದೇ ಕೆಲಸ. 'ಸೆಲ್ ಔಟ್' ಪರವಾಗಿಲ್ಲ, ಬೆಳಿಗ್ಗೆ ಎಂಟಕ್ಕೆ ನನಗೆ ಅಷ್ಟು ಬೊಬ್ಬೆ ಬೇಡ. 'ಘೋಸ್ಟ್ ಟೌನ್' ಹೇಳಿದ ಹಾಗೆ ರಾತ್ರಿ ಕೇಳಿದೆ, ಬೇಡ ಆಗಿತ್ತು, ಲೈಟ್ ಹಾಕಿ ಮಲಗಿದೆ. 'ಒನ್ ಸ್ಟೆಪ್ ಬಿಯಾಂಡ್' ಮಾತ್ರ ತಲೆಯಿಂದ ಹೋಗ್ತಾ ಇಲ್ಲ. ಮಾಮ, ಜನವರಿಯಲ್ಲಿ ಅಣ್ಣನ ರೋಸ್ ಉಂಟು, ನಿಮ್ಮ ಬ್ಯಾಂಡಿಗೆ ಅದು ನುಡಿಸ್ಲಿಕ್ಕೆ ಆಗ್ತದಾ?

ಚೆಕ್ಸ್ ಶರ್ಟ್:
ಅದು ಮ್ಯಾಡ್‌ನೆಸ್‌ದ್ದಲ್ಲ, ಒರಿಜಿನಲ್ ಜಮೈಕಾದ ಹಾಡುಗಾರ ಪ್ರಿನ್ಸ್ ಬಸ್ಟರ್‌ದ್ದು. ಬ್ಯಾಂಡಿಗೆ ಮ್ಯಾಡ್‌ನೆಸ್ ಅಂತ ಹೆಸ್ರು ಬಂದದ್ದೂ ಅವನದ್ದೇ ಒಂದು ಹಾಡಿಂದ. ಇದು ಲಾಸ್ಟ್, ಇನ್ನು ಮಾತಾಡುದಿಲ್ಲ.

ಟ್ರೋಂಬೋನ್ ಮಾಮ:
ಆಗ್ತದೆ. ಸ್ಯಾಕ್ಸಿಗೆ ಇಬ್ರು ಇದ್ದಾರೆ, ಅದು ಪೂರ್ತಿ ಸ್ಯಾಕ್ಸಿನ ಟ್ಯೂನೇ. ಡ್ರಮ್ಮಿನವ ಒಬ್ಬನದ್ದೇ ತಲೆಬಿಸಿ, ಅವ ಒಂದಕ್ಕೇ ಬಡಿಯುವವ, ಇದ್ರಲ್ಲಿ ಎರಡಕ್ಕೂ ನಾಲ್ಕಕ್ಕೂ ಬಡೀಬೇಕು. ಆ ಉಡುಪಿ ಮೃದಂಗದವರ ನಂಬರ್ ಇದ್ರೆ ನನಗೆ ಮೆಸೇಜ್ ಹಾಕಿ, ಡಿಸೆಂಬರಲ್ಲಿ ಒಂದು ಭಾನುವಾರ ಅವರನ್ನು ಕರೆಸಿ ಇವನಿಗೆ ಎಣಿಸ್ಲಿಕ್ಕೆ ಕಲಿಸುವ.