ಪದ ಬೇಕು, ತುರ್ತು: 'ಡಬಲ್ ಕೌಂಟಿಂಗ್' ಸಾಧನೆಗೆ ಕನ್ನಡದಲ್ಲಿ ಏನನ್ನೋಣ?

ಅನುವಾದಕಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳ ಗಣಿತ ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಣಿಕೆಗೆ ಸಂಬಂಧಿಸಿದ ಸಾಧನೆಗಳು, ಅಂದರೆ ಪ್ರೂಫ್‌ಗಳು. ಮಿಕ್ಕವು ಹೇಗೋ ಆದವು. ಇಂಡಕ್ಷನ್‌ಗೆ 'ಅನುಗಮನ' ಇದೆ. ಪರ್ಮ್ಯುಟೇಶನ್, ಕಾಂಬಿನೇಶನ್‌ಗೆ ಪಠ್ಯಪುಸ್ತಕದ 'ಕ್ರಮಯೋಜನೆ', 'ವಿಕಲ್ಪ' ಸಾಕು. ಡಬಲ್ ಕೌಂಟಿಂಗ್ ಮಾತ್ರ ಕೈಗೆ ಸಿಗುತ್ತಿಲ್ಲ.

ತೊಡಕು ಏನೆಂದರೆ, ಈ ಹೆಸರು ಎರಡು ಫಲಕಗಳಲ್ಲಿ ಬರುತ್ತದೆ. ಒಂದರಲ್ಲಿ ಅದು ಸಾಧನೆಯ ದಾರಿ. ಇನ್ನೊಂದರಲ್ಲಿ ಅದೇ ತಪ್ಪು.

ಫಲಕ 4: ಒಂಬತ್ತು ಕಬಡ್ಡಿ ತಂಡಗಳಿವೆ. ಪ್ರತಿ ತಂಡವೂ ಸರಿಯಾಗಿ ಮೂರು ಪಂದ್ಯ ಆಡಬೇಕು. ಹಾಗೆ ಪಟ್ಟಿ ಮಾಡಲು ಆಗುತ್ತದೆಯೇ? ತಂಡಗಳನ್ನು ಹಿಡಿದು ಎಣಿಸಿದರೆ 9 × 3 = 27. ಪಂದ್ಯಗಳನ್ನು ಹಿಡಿದು ಎಣಿಸಿದರೆ ಪ್ರತಿ ಪಂದ್ಯಕ್ಕೂ ಎರಡು ತಂಡ, ಆದ್ದರಿಂದ ಮೊತ್ತ ಸಮಸಂಖ್ಯೆ. 27 ಬೆಸ. ಆಗುವುದಿಲ್ಲ.

ಫಲಕ 5: 1ರಿಂದ 100ರವರೆಗೆ 2ರಿಂದಲೋ 3ರಿಂದಲೋ ಭಾಗವಾಗುವ ಸಂಖ್ಯೆಗಳು ಎಷ್ಟು? 50 + 33 = 83 ಎಂದರೆ ತಪ್ಪು. 6ರಿಂದ ಭಾಗವಾಗುವ 16 ಸಂಖ್ಯೆಗಳು ಎರಡೆರಡು ಸಲ ಲೆಕ್ಕಕ್ಕೆ ಬಂದುಬಿಟ್ಟಿವೆ. ಅವನ್ನು ಒಂದು ಸಲ ಕಳೆದರೆ 67.

ತಲೆಬರಹ ದಪ್ಪ ಅಕ್ಷರದಲ್ಲಿ ಬರುತ್ತದೆ. ಮೂರು ನಾಲ್ಕು ಪದಕ್ಕಿಂತ ಹೆಚ್ಚು ಜಾಗ ಇಲ್ಲ. ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ದಯವಿಟ್ಟು ಇವತ್ತೇ ಹೇಳಿ.

ಮರು: ಕರಡು ತಿದ್ದುವವರು, ಬೆಂಗಳೂರು

ದ್ವಿಗಣನೆ. ಪ್ರಮೇಯ, ಸಾಧನೆ, ಸಮೀಕರಣ, ಅನುಗಮನ ಎಲ್ಲ ಸಂಸ್ಕೃತದವೇ. ಇದೂ ಆ ಸಾಲಿಗೆ ಹೊಂದುತ್ತದೆ. ಜಾಸ್ತಿ ಯೋಚಿಸುವ ಅಗತ್ಯವಿಲ್ಲ.

ಮರು: ಅಚ್ಚಗನ್ನಡದ ಪರವಾಗಿ, ಕುಂದಾಪುರ

ದ್ವಿಗಣನೆ ಬೇಡ. ಮಕ್ಕಳ ಬಾಯಲ್ಲಿ ಇರುವುದು ಎಣಿಕೆ, ಅದನ್ನು ಬಿಟ್ಟು ಗಣನೆಗೆ ಯಾಕೆ ಹೋಗಬೇಕು?

ಎರಡು ಎಂಬ ಅರ್ಥದ 'ಇರ್' ನಮ್ಮಲ್ಲಿ ಎಷ್ಟು ಚೆನ್ನಾಗಿ ಬೆಸೆದುಕೊಳ್ಳುತ್ತದೆ ನೋಡಿ. ಇಮ್ಮಡಿ, ಇಕ್ಕೆಲ, ಇಬ್ಬದಿ, ಇಬ್ಬಗೆ. ಹಾಗಾಗಿ 'ಇಬ್ಬಗೆ ಎಣಿಕೆ' ಎನ್ನಿ. 'ಇಮ್ಮಡಿ ಎಣಿಕೆ' ಎಂದು ಯಾರಾದರೂ ಹೇಳುವ ಮುಂಚೆ ಹೇಳಿಬಿಡುತ್ತೇನೆ: ಇಮ್ಮಡಿ ಎಂದರೆ ಎರಡು ಪಟ್ಟು. ಹೆಸರಿನ ಹಿಂದೆ ಬಂದರೆ ಎರಡನೆಯವನು, ಇಮ್ಮಡಿ ಪುಲಕೇಶಿ ಇದ್ದಾನಲ್ಲ. ಎರಡು ಅರ್ಥವೂ ಇಲ್ಲಿಗೆ ಸಲ್ಲುವುದಿಲ್ಲ.

ಇನ್ನೊಂದು ಮಾತು. ನಮ್ಮ ಕರಾವಳಿಯಲ್ಲಿ 'ಹೀಗಾಗುತ್ತದೆ ಅಂತ ಎಣಿಸಿರಲಿಲ್ಲ' ಎನ್ನುತ್ತೇವೆ. ಇಲ್ಲಿ ಎಣಿಸುವುದು ಎಂದರೆ ಯೋಚಿಸುವುದು. ತಮಿಳಿನ 'ಎಣ್ಣು' ಕೂಡ ಹಾಗೆಯೇ, ಲೆಕ್ಕಕ್ಕೂ ಯೋಚನೆಗೂ ಒಂದೇ ಬೇರು. ಎಣಿಸಿ ಸಾಧಿಸುವ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಬೇರು ಸಿಗುತ್ತದೆಯೇ?

ಮರು: ಗಣಿತದ ಮೇಷ್ಟ್ರು, ಶಿವಮೊಗ್ಗ

ಇಬ್ಬರೂ ಫಲಕ 5 ಓದಿದಂತೆ ಕಾಣುವುದಿಲ್ಲ. ದ್ವಿಗಣನೆ ಎರಡು ಫಲಕಕ್ಕೂ ಹೊಂದುತ್ತದೆ. ಅದರ ದೋಷವೇ ಅದು. ಇಂಗ್ಲಿಷಿನಲ್ಲಿ ಒಂದೇ ಹೆಸರಿನಲ್ಲಿ ದಾರಿಯೂ ತಪ್ಪೂ ಸೇರಿಕೊಂಡಿವೆ. ಆ ಗೊಂದಲವನ್ನು ನಾವು ಯಾಕೆ ಸಾಲ ತರಬೇಕು?

ಮೊದಲು ವಿಷಯ ಬಿಡಿಸಿ ಹೇಳುತ್ತೇನೆ. ಸಾಧನೆಯ ದಾರಿಯಲ್ಲಿ ಒಂದು ಎಣಿಕೆಯೊಳಗೆ ಯಾವ ವಸ್ತುವನ್ನೂ ಎರಡು ಸಲ ಎಣಿಸುವುದಿಲ್ಲ. ಒಂದೇ ರಾಶಿ. ಅದನ್ನು ಒಮ್ಮೆ ಈ ಕಡೆಯಿಂದ ಪೂರ್ತಿ ಎಣಿಸುತ್ತೇವೆ, ಇನ್ನೊಮ್ಮೆ ಆ ಕಡೆಯಿಂದ ಪೂರ್ತಿ ಎಣಿಸುತ್ತೇವೆ. ರಾಶಿ ಒಂದೇ ಆದ್ದರಿಂದ ಎರಡು ಉತ್ತರವೂ ಒಂದೇ ಆಗಲೇಬೇಕು. ಆ 'ಆಗಲೇಬೇಕು' ಎಂಬುದರಿಂದ ಹೊಸ ವಿಷಯ ಹೊರಡುತ್ತದೆ.

ಹತ್ತು ಜನರಿದ್ದಾರೆ. ನಾಲ್ವರ ಸಮಿತಿ ಆಗಬೇಕು, ಅವರಲ್ಲಿ ಒಬ್ಬರು ಅಧ್ಯಕ್ಷರು. ಸಮಿತಿಯನ್ನು ಮೊದಲು ಆರಿಸಿ: 210 ದಾರಿ. ಆಮೇಲೆ ಅದರೊಳಗಿಂದ ಅಧ್ಯಕ್ಷರು: 4 ದಾರಿ. ಒಟ್ಟು 840. ಈಗ ಅಧ್ಯಕ್ಷರನ್ನೇ ಮೊದಲು ಆರಿಸಿ: 10 ದಾರಿ. ಉಳಿದ ಒಂಬತ್ತು ಜನರಲ್ಲಿ ಮೂವರು: 84 ದಾರಿ. ಮತ್ತೆ 840. ಹತ್ತರ ಜಾಗದಲ್ಲಿ ಯಾವ ಸಂಖ್ಯೆ ಇಟ್ಟರೂ, ನಾಲ್ಕರ ಜಾಗದಲ್ಲಿ ಯಾವುದು ಇಟ್ಟರೂ ಇದೇ ವಾದ ನಡೆಯುತ್ತದೆ. ವಿಕಲ್ಪಗಳ ಒಂದು ಸೂತ್ರ ಬೀಜಗಣಿತವೇ ಇಲ್ಲದೆ ಸಾಧಿತವಾಯಿತು. ಇಷ್ಟು ಚೆಂದದ ದಾರಿಗೆ ತಪ್ಪಿನ ಹೆಸರು ಇಡಬಾರದು.

ಕಬಡ್ಡಿ ಲೆಕ್ಕದ ಮೂಲವೂ ಮಕ್ಕಳಿಗೆ ಹೇಳಿ. 1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗ್ ಊರಿನ ಸೇತುವೆಗಳ ಮೇಲೆ ಬರೆದಾಗ ಇದನ್ನೇ ಗಮನಿಸಿದ್ದ. ಊರು ನಾಲ್ಕು ಭಾಗ, ಸೇತುವೆ 7. ಒಂದು ಭಾಗಕ್ಕೆ 5 ಸೇತುವೆ ಮುಟ್ಟುತ್ತವೆ, ಉಳಿದ ಮೂರಕ್ಕೆ ತಲಾ 3. ಕೂಡಿದರೆ 14, ಅಂದರೆ ಏಳರ ಎರಡರಷ್ಟು. ಪ್ರತಿ ಸೇತುವೆಗೂ ಎರಡು ತುದಿ ಇರುವುದರಿಂದ ಹೀಗೆ.

ಇನ್ನು 'ಇಬ್ಬಗೆ'. ವ್ಯಾಕರಣ ಸರಿ ಇದೆ. ಆದರೆ ಪೇಪರ್ ಓದುವ ಯಾರಿಗೇ ಆಗಲಿ 'ಇಬ್ಬಗೆ' ಎಂದ ಕೂಡಲೇ ನೆನಪಾಗುವುದು 'ಇಬ್ಬಗೆ ನೀತಿ'. ಒಬ್ಬರಿಗೊಂದು ನ್ಯಾಯ, ಇನ್ನೊಬ್ಬರಿಗೊಂದು ನ್ಯಾಯ. ಇಬ್ಬಗೆ ಎಣಿಕೆ ಎಂದರೆ ಮತ ಎಣಿಕೆಯಲ್ಲಿ ಮೋಸ ಆದಂತೆ ಕೇಳಿಸುತ್ತದೆ. 'ಮರುಎಣಿಕೆ' ಕೂಡ ಬೇಡ. ಅದು ಚುನಾವಣೆಗೆ, ಪರೀಕ್ಷೆಯ ಅಂಕಗಳಿಗೆ ಮೀಸಲಾಗಿಬಿಟ್ಟಿದೆ.

ನನ್ನ ಸಲಹೆ: ದಾರಿಗೆ 'ಎರಡು ಕಡೆಯಿಂದ ಎಣಿಕೆ'. ತಪ್ಪಿಗೆ 'ಎರಡು ಸಲ ಎಣಿಕೆ'.

ಮರು: ಲೆಕ್ಕಪತ್ರದ ಕೆಲಸದಿಂದ ನಿವೃತ್ತ, ಧಾರವಾಡ

ಮೇಷ್ಟ್ರು ಹೇಳಿದ್ದಕ್ಕೆ ನಮ್ಮ ಕಚೇರಿಗಳಲ್ಲಿ ಪದ ಎಂದೋ ಇದೆ: ತಾಳೆ. ತಖ್ತೆ ಹಾಕುತ್ತೇವೆ. ಅಡ್ಡ ಸಾಲುಗಳ ಮೊತ್ತ ಬಲಗಡೆ, ಉದ್ದ ಸಾಲುಗಳ ಮೊತ್ತ ಕೆಳಗಡೆ. ಬಲಗಡೆಯದನ್ನೆಲ್ಲ ಕೂಡಿದರೂ ಕೆಳಗಡೆಯದನ್ನೆಲ್ಲ ಕೂಡಿದರೂ ಮೂಲೆಯಲ್ಲಿ ಒಂದೇ ಮೊತ್ತ ಬರಬೇಕು. ಬಂದರೆ ಲೆಕ್ಕ ತಾಳೆ ಆಯಿತು ಎನ್ನುತ್ತೇವೆ.

ಮೇಡಂ, ನಿಮ್ಮ ಕಬಡ್ಡಿ ಲೆಕ್ಕವನ್ನೂ ಹಾಗೆಯೇ ಹಾಕಿ. ಒಂದೊಂದು ಅಡ್ಡ ಸಾಲಿಗೆ ಒಂದೊಂದು ತಂಡ, ಒಂದೊಂದು ಉದ್ದ ಸಾಲಿಗೆ ಒಂದೊಂದು ಪಂದ್ಯ. ತಂಡ ಆ ಪಂದ್ಯದಲ್ಲಿ ಆಡಿದರೆ ಮನೆಯಲ್ಲಿ ಒಂದು ಗುರುತು. ಅಡ್ಡ ಸಾಲಿಗೆ ಮೂರು ಗುರುತು, ಉದ್ದ ಸಾಲಿಗೆ ಎರಡು ಗುರುತು. 27 ಗುರುತುಗಳನ್ನು ಎರಡೆರಡಾಗಿ ಹಂಚಲು ಆಗುವುದಿಲ್ಲ. ಮಗುವಿನ ಕಣ್ಣಿಗೇ ಕಾಣುತ್ತದೆ. 'ತಾಳೆ ಎಣಿಕೆ' ಎನ್ನಿ. ಎರಡೇ ಪದ.

ಮರು: ಕುಂದಾಪುರ

ತಾಳೆ ಎಂದರೆ ಇಂಗ್ಲಿಷಿನ ಟ್ಯಾಲಿ. ಸಂಸ್ಕೃತ ಬೇಡ ಎಂದರೆ ಇಂಗ್ಲಿಷಿಗೆ ಹೋಗಿ ನಿಂತೆವು. ಒಪ್ಪುವುದಿಲ್ಲ.

ಮರು: ಧಾರವಾಡ

ಉಚ್ಚಾರ ಹತ್ತಿರ ಇದ್ದ ಮಾತ್ರಕ್ಕೆ ಮೂಲ ಒಂದೇ ಆಗುವುದಿಲ್ಲ. ಟ್ಯಾಲಿ ಎನ್ನುವುದು ಲ್ಯಾಟಿನ್‌ನಿಂದ ಬಂದದ್ದು. ಲೆಕ್ಕಕ್ಕೆ ಗೀರು ಹಾಕುತ್ತಿದ್ದ ಕೋಲಿನ ಹೆಸರು. ಮರಾಠಿಯಲ್ಲಿ ಕೂಡಿಸಿದ್ದು, ಗುಣಿಸಿದ್ದು ಸರಿಯೇ ಎಂದು ನೋಡುವುದಕ್ಕೆ 'ತಾಳಾ' ಎನ್ನುತ್ತಾರೆ. 'ಪಡತಾಳಾ' ಇದೆ. ಜಮಾಖರ್ಚಿನ ಕೊನೆಯ ಪಟ್ಟಿಗೆ 'ತಾಳೇಬಂದ' ಇದೆ. ನಮ್ಮ ತಾಳೆಯ ನಂಟು ಅಲ್ಲಿ.

ಹೌದು, ಅದೂ ಸಾಲವೇ. ಖಾತೆ, ಜಮಾ, ಖರ್ಚು, ಬಾಕಿ ಯಾವುದು ಸಾಲ ಅಲ್ಲ? ನೀವು ದಿನಾ ಆಡುವ 'ಲೆಕ್ಕ' ಸಂಸ್ಕೃತದ 'ಲೇಖ'ದ ತದ್ಭವ ಎಂದು ಓದಿಲ್ಲವೇ? ಅಂಗಡಿಯವನೂ ರೈತನೂ ಆಡುವ ಪದವನ್ನು ಮೂಲ ಕೇಳಿ ಹೊರಗೆ ಕಳಿಸುವ ಚಾಳಿ ಬಿಡಿ.

ಮರು: ಕುಂದಾಪುರ

ಬಂದ ಪದಗಳನ್ನು ಓಡಿಸಿ ಎಂದು ನಾನು ಹೇಳಿಲ್ಲ. ಹೊಸದಾಗಿ ಕಟ್ಟುವಾಗ ಮೊದಲು ಮನೆಯೊಳಗೆ ಹುಡುಕಿ ಎಂದೆ. ಹಳೆಯ ಸಾಲ ಇದೆ ಎಂದು ಹೊಸ ಸಾಲ ಮಾಡುವುದು ವಾದವಲ್ಲ.

ಮರು: ಛಂದಸ್ಸಿನ ಓದುಗ, ಮೈಸೂರು

ಎಣಿಕೆಯ ಗಣಿತಕ್ಕೆ ಪದಗಳೇ ಇಲ್ಲ ಎಂಬಂತೆ ಮಾತಾಡುತ್ತಿದ್ದೀರಿ. ನಮ್ಮ ಛಂದಸ್ಸಿನಲ್ಲಿ ಇದೆಲ್ಲ ಇದೆ. ನಾಲ್ಕು ಅಕ್ಷರದ ಪಾದಕ್ಕೆ ಗುರು-ಲಘು ವಿನ್ಯಾಸ ಎಷ್ಟು? ಪ್ರತಿ ಜಾಗಕ್ಕೂ ಎರಡು ಆಯ್ಕೆ, ಒಟ್ಟು 16. ಇದು 'ಸಂಖ್ಯೆ' ಎಂಬ ಪ್ರತ್ಯಯ, ಅಂದರೆ ಛಂದಸ್ಸಿನ ಲೆಕ್ಕದ ಒಂದು ವಿಧಾನ. ಈಗ ಗುರು ಎಷ್ಟಿವೆ ಎಂದು ವಿಂಗಡಿಸಿ ಎಣಿಸಿ: ಗುರುವೇ ಇಲ್ಲದ್ದು 1, ಒಂದಿರುವುದು 4, ಎರಡಿರುವುದು 6, ಮೂರಿರುವುದು 4, ನಾಲ್ಕೂ ಗುರು 1. ಕೂಡಿದರೆ ಮತ್ತೆ 16. ಇದು 'ಲಗಕ್ರಿಯೆ'. ಛಂದಶ್ಶಾಸ್ತ್ರಕಾರ ಪಿಂಗಳನ ಪರಂಪರೆಯಲ್ಲಿ ಒಂದೇ ರಾಶಿಯನ್ನು ಎರಡು ಬಗೆಯಲ್ಲಿ ಎಣಿಸಿದ್ದು ಇದೇ ಅಲ್ವಾ?

ವಿಕಲ್ಪಗಳ ಸಾಮಾನ್ಯ ಸೂತ್ರ ಕೊಟ್ಟ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದವನು. ಬರೆದದ್ದು ಸಂಸ್ಕೃತದಲ್ಲಿ. 12ನೇ ಶತಮಾನದ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲೇ ಬರೆದ. ಇಂಥ ನೆಲದಲ್ಲಿ ಕೂತು ಟ್ಯಾಲಿಯೋ ತಾಳೆಯೋ ಎಂದು ಜಗಳ ಯಾಕೆ? 'ಪ್ರಸ್ತಾರ ಎಣಿಕೆ' ಎನ್ನಿ, ಮುಗಿಯಿತು.

ಮರು: ಶಿವಮೊಗ್ಗ

ಉದಾಹರಣೆ ಬಹಳ ಚೆನ್ನಾಗಿದೆ, ಫಲಕಕ್ಕೆ ಸೇರಿಸಬಹುದು. ಪದ ಮಾತ್ರ ತಪ್ಪು. ಪ್ರಸ್ತಾರ ಎಂದರೆ ಎಲ್ಲ ವಿನ್ಯಾಸಗಳನ್ನೂ ಒಂದೊಂದಾಗಿ ಬರೆದು ಹರಡುವುದು. ಡಬಲ್ ಕೌಂಟಿಂಗ್‌ನ ಬಲವೇ ಬರೆದು ಹರಡದೆ ಉತ್ತರ ತಿಳಿಯುವುದು. ಪ್ರಸ್ತಾರದ ಸಾಲಿನ ಸಂಖ್ಯೆ ಕೊಟ್ಟರೆ ವಿನ್ಯಾಸ ಹೇಳುವ 'ನಷ್ಟ', ವಿನ್ಯಾಸ ಕೊಟ್ಟರೆ ಸಾಲಿನ ಸಂಖ್ಯೆ ಹೇಳುವ 'ಉದ್ದಿಷ್ಟ' ಇವೆಯಲ್ಲ, ಅವು ಬೇರೊಂದು ಸಾಧನೆಯ ದಾರಿಗೆ ಹತ್ತಿರ. ಒಂದಕ್ಕೊಂದು ಜೋಡಿ ಮಾಡಿ ಎರಡು ಗುಂಪು ಸಮ ಎಂದು ತೋರಿಸುವ ದಾರಿಗೆ. ಅದನ್ನೂ ಇದನ್ನೂ ಬೆರೆಸಬೇಡಿ.

ತಾಳೆಯ ಬಗ್ಗೆ: ತಖ್ತೆಯ ಚಿತ್ರ ತುಂಬ ಸರಿ. ಗಣಿತದವರೂ ಇದನ್ನು ಕಲಿಸುವುದು ಹಾಗೆಯೇ. ಆದರೆ ತಲೆಬರಹಕ್ಕೆ ನನಗೆ ಒಂದು ತಕರಾರು ಇದೆ. ತಾಳೆ ನೋಡುವವನಿಗೆ ಅನುಮಾನ ಇರುತ್ತದೆ. ಎರಡು ಮೊತ್ತ ಒಂದೇ ಬಂತೇ ಎಂದು ನೋಡುತ್ತಾನೆ, ಬರದಿದ್ದರೆ ತಪ್ಪು ಹುಡುಕುತ್ತಾನೆ. ಇಲ್ಲಿ ಅನುಮಾನವೇ ಇಲ್ಲ. ಎರಡೂ ಒಂದೇ ಎಂದು ಮೊದಲೇ ಗೊತ್ತು. ಗೊತ್ತಿರುವ ಆ ಸಮದಿಂದ ಗೊತ್ತಿಲ್ಲದ್ದನ್ನು ಹೊರಗೆ ತೆಗೆಯುತ್ತೇವೆ. ಪರಿಶೀಲನೆ ಬೇರೆ, ಸಾಧನೆ ಬೇರೆ.

ಮರು: ಬೆಂಗಳೂರು

ಮೇಷ್ಟ್ರ 'ಎರಡು ಕಡೆಯಿಂದ ಎಣಿಕೆ' ನಿಲ್ಲುವುದಿಲ್ಲ. 'ಕಡೆಯಿಂದ' ಎಂದಮೇಲೆ 'ಎಣಿಸು' ಬರಬೇಕು. 'ಎಣಿಕೆ'ಗೆ ಅದು ನೇರವಾಗಿ ಅಂಟುವುದಿಲ್ಲ. 'ಎರಡು ಕಡೆ ಎಣಿಕೆ' ಎಂದು ಕತ್ತರಿಸಿದರೆ ಎರಡು ಊರಿನಲ್ಲಿ ಮತ ಎಣಿಸಿದಂತೆ. ದ್ವಿಗಣನೆ ಎಂದಿದ್ದರೆ ಇಷ್ಟೊತ್ತಿಗೆ ಫಲಕ ಅಚ್ಚಾಗಿರುತ್ತಿತ್ತು.

ಮರು: ಶಿವಮೊಗ್ಗ

ವ್ಯಾಕರಣದ ಮಾತು ಒಪ್ಪಿದೆ. ದ್ವಿಗಣನೆ ಒಪ್ಪಿಲ್ಲ. 'ಎರಡು ಬಗೆ ಎಣಿಕೆ' ಆಗಬಹುದೇ?

ಮರು: ಕುಂದಾಪುರ

ಅದು ನಾನು ಹೇಳಿದ ಇಬ್ಬಗೆಯೇ. ಬಿಡಿಸಿ ಬರೆದಿದ್ದೀರಿ, ಅಷ್ಟೇ.

ಮರು: ಶಿವಮೊಗ್ಗ

ಬಿಡಿಸಿ ಬರೆದದ್ದರಿಂದಲೇ 'ನೀತಿ'ಯ ನೆನಪು ಹೋಯಿತು. 'ಎರಡು ಬಗೆ ನೀತಿ' ಎಂದು ಯಾರೂ ಬರೆಯುವುದಿಲ್ಲ. ಬೆಸೆದ ಪದಕ್ಕೆ ಅಂಟಿದ ಕೊಳೆ ಬಿಡಿ ಪದಗಳಿಗೆ ಅಂಟಿಲ್ಲ. ಬೇರು ನಿಮ್ಮದೇ ಇರಲಿ.

ಮರು: ಅನುವಾದಕಿ, ತುಮಕೂರು

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಮಾಡುತ್ತಿದ್ದೇನೆ.

ಫಲಕ 4ರ ತಲೆಬರಹ 'ಎರಡು ಬಗೆ ಎಣಿಕೆ'. ಫಲಕ 5ಕ್ಕೆ 'ಎರಡು ಸಲ ಎಣಿಸಿದ ತಪ್ಪು'. ಅಕ್ಕಪಕ್ಕ ನಿಂತಾಗ 'ಬಗೆ' ಮತ್ತು 'ಸಲ' ಎದುರುಬದುರು ಕಾಣುತ್ತವೆ, ಬೇರೆ ವಿವರಣೆ ಬೇಡ. ಧಾರವಾಡದ ಸಾರ್ ಹೇಳಿದ ತಖ್ತೆ ಫಲಕ 4ರ ನಡುವೆ ಬರುತ್ತದೆ. ಪಕ್ಕದ ವಿವರಣೆಯಲ್ಲಿ 'ಅಡ್ಡ ಮೊತ್ತವೂ ಉದ್ದ ಮೊತ್ತವೂ ತಾಳೆ ಆಗಲೇಬೇಕು' ಎಂದು ಬರೆದಿದ್ದೇನೆ. 'ಆಗಲೇಬೇಕು' ಇರುವುದರಿಂದ ಮೇಷ್ಟ್ರ ತಕರಾರು ತೀರಿತು ಎಂದುಕೊಂಡಿದ್ದೇನೆ. ಗುರು-ಲಘುವಿನ 1, 4, 6, 4, 1 ಕೆಳಗಡೆ ಪುಟ್ಟ ಚೌಕದಲ್ಲಿ ಹಾಕಿದ್ದೇನೆ. ಒಂಬತ್ತನೇ ಕ್ಲಾಸಿನವರಿಗೆ ಎಲ್ಲ ವಿನ್ಯಾಸ ಬರೆದು ಹರಡುವ ಪ್ರಸ್ತಾರ ಗೊತ್ತಿಲ್ಲದಿದ್ದರೂ ಗುರು-ಲಘು ಹಾಕುವುದು ಗೊತ್ತು.

ಮರು: ಶಿವಮೊಗ್ಗ

ತೀರಿತು. ಒಂದು ತಿದ್ದುಪಡಿ ಮಾತ್ರ. ಫಲಕ 4ರಲ್ಲಿ 'ಮೊತ್ತ ಸಮಸಂಖ್ಯೆ' ಎಂದು ಇದೆ. ಯಾವುದರ ಮೊತ್ತ ಎಂದು ಇಲ್ಲ. 'ತಖ್ತೆಯಲ್ಲಿರುವ ಗುರುತುಗಳ ಮೊತ್ತ' ಎಂದು ಬರೆಯಿರಿ. ಎರಡು ಬಗೆಯಲ್ಲೂ ಎಣಿಸುತ್ತಿರುವುದು ಆ ಗುರುತುಗಳನ್ನೇ. ತಂಡಗಳನ್ನಲ್ಲ, ಪಂದ್ಯಗಳನ್ನೂ ಅಲ್ಲ. ಅದನ್ನು ಬರೆಯದಿದ್ದರೆ ಚುರುಕು ಮಕ್ಕಳು ನಿಂತು ಪ್ರಶ್ನೆ ಕೇಳುತ್ತಾರೆ.