ಮನೆಯಲ್ಲಿ ಕಟ್ಟಿದ ಡಿಲೇ ಪೆಡಲ್: ಎಕೋ ಬರುತ್ತಿದೆ, ಟೇಪಿನ ಎಕೋ ಬರುತ್ತಿಲ್ಲ

ನಿಟುವಳ್ಳಿ ತಂತಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಗಿಟಾರ್‌ಗೆ ಒಂದು ಡಿಲೇ ಪೆಡಲ್ ಕಟ್ಟುತ್ತಿದ್ದೇನೆ, ಅಂದರೆ ನುಡಿಸಿದ ಸ್ವರವನ್ನು ಸ್ವಲ್ಪ ತಡವಾಗಿ ಮತ್ತೆ ಮತ್ತೆ ಕೇಳಿಸುವ ಪೆಟ್ಟಿಗೆ. ಎಕೋ ಬರುತ್ತಿದೆ. ಆದರೆ ನನಗೆ ಬೇಕಾದ ಎಕೋ ಅದಲ್ಲ.

ಬೇಕಾದದ್ದು ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಸೋದರಮಾವ ಮೈಕ್ ಸೆಟ್ ಇಟ್ಟಿದ್ದರು. ಅವರ ಹತ್ತಿರ ಟೇಪ್ ಸುತ್ತುವ ಎಕೋ ಮೆಷಿನ್ ಒಂದಿತ್ತು. ಮದುವೆ, ಗಣಪತಿ ಹಬ್ಬದ ಆರ್ಕೆಸ್ಟ್ರಾ ಅಂದರೆ ಅದು ಜೊತೆಯಲ್ಲಿ ಹೋಗಲೇಬೇಕು. ಈಗ ಮೆಷಿನ್ ಇಲ್ಲ, ಮಾವನೂ ಇಲ್ಲ. ಉಳಿದಿರುವುದು ಒಂದೇ ಕ್ಯಾಸೆಟ್. ಅದರ ಶುರುವಿನಲ್ಲಿ ಮಾವ ಮೈಕ್ ಚೆಕ್ ಮಾಡುತ್ತಾ ಒಂದು ಸಲ "ಹಲೋ" ಅನ್ನುತ್ತಾರೆ. ಅದು ಸ್ಪಷ್ಟ. ತಿರುಗಿ ಬರುವ ಮೊದಲ ಹಲೋ ಸ್ವಲ್ಪ ಮಂಕು. ಎರಡನೆಯದು ಗೋಡೆಯಾಚೆ ಯಾರೋ ಕರೆದ ಹಾಗೆ. ಮೂರನೆಯದರಲ್ಲಿ ಮಾತೇ ಇಲ್ಲ, ಬರೀ ಗುಂಯ್ ಅನ್ನುವ ದನಿ. ಅದೂ ಒಂಚೂರು ಅಲೆದಾಡುತ್ತದೆ. ನನ್ನ ಗಿಟಾರ್ ಹಾಗೆ ಕರಗಬೇಕು. ಅಷ್ಟೇ ಆಸೆ.

ಕಟ್ಟಿರುವುದು ಪಿಟಿ2399 ಅನ್ನುವ ಎಕೋ ಐಸಿ ಮೇಲೆ. ಹಳೇ ಆಂಪ್ಲಿಫೈಯರ್‌ನ ಮೈಕ್ ಎಕೋ ಬೋರ್ಡಿನಿಂದ ಬಿಚ್ಚಿದೆ. ಒಳಗೆ ಬರುವ ಕಡೆ, ಹೊರಗೆ ಹೋಗುವ ಕಡೆ ಟಿಎಲ್072 ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಐಸಿ). 9 ವೋಲ್ಟ್ ಅಡಾಪ್ಟರ್, ಅದರಿಂದ 78ಎಲ್05 ರೆಗ್ಯುಲೇಟರ್ ಹಾಕಿ ಐಸಿಗೆ 5 ವೋಲ್ಟ್. 6ನೇ ಪಿನ್‌ನಿಂದ ಗ್ರೌಂಡ್‌ಗೆ 50 ಕೆ (ಕಿಲೋ ಓಮ್) ಪಾಟ್, ಅಂದರೆ ತಿರುಗಿಸಿ ಬದಲಾಯಿಸುವ ರೆಸಿಸ್ಟರ್. ಎಕೋ ಎಷ್ಟು ತಡವಾಗಿ ಬರಬೇಕೆಂದು ಹೊಂದಿಸುವ ಟೈಮ್ ನಾಬ್ ಅದೇ. ಡಾಟ್ ಪಿಸಿಬಿ, ಅಲ್ಯೂಮಿನಿಯಂ ಊಟದ ಡಬ್ಬಿಯಲ್ಲಿ ಕೂರಿಸಿದ್ದೇನೆ.

ತೊಂದರೆ ಮೂರು. ಟೈಮ್ ನಾಬ್ ಪೂರ್ತಿ ಕಡಿಮೆ ಇಟ್ಟು ಆನ್ ಮಾಡಿದರೆ ಎಕೋ ಬರುವುದೇ ಇಲ್ಲ, ಆಫ್ ಮಾಡಿ ನಾಬ್ ತಿರುಗಿಸಿ ಮತ್ತೆ ಆನ್ ಮಾಡಬೇಕು. ಟೈಮ್ ಜಾಸ್ತಿ ಮಾಡಿದರೆ ಹಿಂದೆ ಕುಂಯ್ ಅನ್ನುವ ಸದ್ದು. ಇನ್ನು ಮುಖ್ಯವಾದದ್ದು: ಔಟ್‌ಪುಟ್‌ಗೆ ಒಂದು ಟೋನ್ ಫಿಲ್ಟರ್ ಹಾಕಿದ್ದೇನೆ. ಅದನ್ನು ಇಳಿಸಿದರೆ ಎಲ್ಲಾ ರಿಪೀಟ್‌ಗಳೂ ಒಂದೇ ಸಮ ಮಂಕಾಗುತ್ತವೆ. ಮೊದಲನೆಯದೂ ಅಷ್ಟೇ ಮಂಕು, ಐದನೆಯದೂ ಅಷ್ಟೇ ಮಂಕು. ಕರಗುವುದೇ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ದುರ್ಗದ ಲ್ಯಾಬ್, ಚಿತ್ರದುರ್ಗ

ನಿಮ್ಮ ಮೂರನೇ ಪ್ರಶ್ನೆಯಲ್ಲೇ ಉತ್ತರ ಇದೆ. ಟೇಪ್ ಮೆಷಿನ್‌ನಲ್ಲಿ ಪ್ಲೇ ಹೆಡ್ಡಿನಿಂದ ಬಂದ ಸದ್ದು ಮತ್ತೆ ರೆಕಾರ್ಡ್ ಹೆಡ್ಡಿಗೆ ಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಟ್ರೆಬಲ್ ಒಂದಿಷ್ಟು ಉದುರುತ್ತದೆ. ನೀವು ಫಿಲ್ಟರ್ ಹಾಕಿರುವುದು ಸುತ್ತಿನ ಹೊರಗೆ, ಬಾಗಿಲ ಹತ್ತಿರ. ಅಲ್ಲಿ ಪ್ರತಿ ರಿಪೀಟೂ ಒಂದೇ ಸಲ ಸೋಸಿಕೊಂಡು ಆಚೆ ಹೋಗುತ್ತದೆ.

ಅದನ್ನು ಅಲ್ಲಿಂದ ತೆಗೆಯಿರಿ. 14ನೇ ಪಿನ್‌ನಿಂದ ರಿಪೀಟ್ ನಾಬ್‌ಗೆ (ಎಕೋ ಎಷ್ಟು ಸಲ ಮರಳಬೇಕೆಂದು ಹೊಂದಿಸುವುದು) ಬಂದು, ಅಲ್ಲಿಂದ ಇನ್‌ಪುಟ್ ಕಡೆ ವಾಪಸ್ ಹೋಗುವ ತಂತಿ ಇದೆಯಲ್ವಾ, ಆ ದಾರಿಯಲ್ಲಿ ಹಾಕಿ. 1 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಆದ ಮೇಲೆ 10 ಕೆ ರೆಸಿಸ್ಟರ್, ಅಲ್ಲಿಂದ ಗ್ರೌಂಡ್‌ಗೆ 472 ಅಂತ ಬರೆದಿರುವ ಕೆಪಾಸಿಟರ್. ಅದು 4.7 ನ್ಯಾನೋಫ್ಯಾರಡ್, ಸುಮಾರು 3400 ಹರ್ಟ್ಜ್‌ನಿಂದ ಇಳಿಸಲು ಶುರು ಮಾಡುತ್ತದೆ. ಸಾಲದಿದ್ದರೆ 682 ಹಾಕಿ, 2300ರ ಆಸುಪಾಸಿಗೆ ಬರುತ್ತದೆ. ಅದೇ ಜಾಗದಲ್ಲಿ ಗ್ರೌಂಡ್‌ಗೆ ಎರಡು 1ಎನ್4148 ಡಯೋಡ್, ಒಂದು ನೆಟ್ಟಗೆ ಒಂದು ಉಲ್ಟಾ. ಜೋರಾದ ಸದ್ದಿನ ತಲೆ ಸವೆಯುತ್ತದೆ, ಟೇಪ್ ತುಂಬಿಕೊಂಡ ಹಾಗೆ. ರಿಪೀಟ್ ನಾಬ್ ಜಾಸ್ತಿ ತಿರುಗಿಸಿದಾಗ ಸದ್ದು ಕೈಮೀರಿ ಬೆಳೆಯುವುದೂ ನಿಲ್ಲುತ್ತದೆ. ಡಯೋಡ್ ತೀರಾ ಹಿಂಡಿದಂತೆ ಕೇಳಿದರೆ ಅವುಗಳ ಬದಲು ಎರಡು ಕೆಂಪು ಎಲ್‌ಇಡಿ.

ಆನ್ ಆಗದ ತೊಂದರೆ: ನಾಬ್ ಪೂರ್ತಿ ಇಳಿಸಿದಾಗ 6ನೇ ಪಿನ್ ನೇರ ಗ್ರೌಂಡ್‌ಗೆ ತಗುಲುತ್ತಿದೆ. ಕರೆಂಟ್ ಬಂದ ಕ್ಷಣದಲ್ಲಿ ಹಾಗಿದ್ದರೆ ಈ ಐಸಿ ಕಟ್ಟಿಕೊಂಡು ಕೂರುತ್ತದೆ. ಪಾಟ್‌ಗೆ ಸರಣಿಯಲ್ಲಿ 2.7 ಕೆ ಹಾಕಿ. ಆಗ ಕಡಿಮೆ ಅಂದರೆ 60 ಮಿಲಿಸೆಕೆಂಡ್ ಸಿಗುತ್ತದೆ, ಸಾಕಲ್ವಾ?

ಕುಂಯ್ ಸದ್ದಿಗೆ ಸ್ವಲ್ಪ ಕಾರಣ ಐಸಿಯದೇ. 27.6 ಕೆ ಇದ್ದಾಗ ಸುಮಾರು 340 ಮಿಲಿಸೆಕೆಂಡ್, ಆಗ ಅದರ ಕ್ಲಾಕ್, ಅಂದರೆ ಐಸಿ ಒಳಗಿನ ತಾಳ, 2 ಮೆಗಾಹರ್ಟ್ಜ್. 50 ಕೆ ಅಂದರೆ 600 ಮಿಲಿಸೆಕೆಂಡ್ ದಾಟುತ್ತದೆ, ಕ್ಲಾಕ್ ಇನ್ನೂ ನಿಧಾನ. ಒಳಗಿನ ಮೆಮರಿ ಇರುವುದೇ 44 ಕಿಲೋಬಿಟ್, ಅದನ್ನೇ ಎಳೆದೆಳೆದು ಹಂಚಬೇಕು. 25 ಕೆ ಪಾಟ್ ಹಾಕಿಕೊಂಡರೆ ಒಳ್ಳೆಯದು. ಆದರೆ ಅಡಾಪ್ಟರ್ ಮೇಲೂ ನನಗೆ ಅನುಮಾನ. 9 ವೋಲ್ಟ್ ಬ್ಯಾಟರಿ ಹಾಕಿ ನೋಡಿ ಹೇಳಿ. 3 ಮತ್ತು 4ನೇ ಪಿನ್‌ಗಳ ಗ್ರೌಂಡ್ ಒಂದೇ ಜಾಗದಲ್ಲಿ ಸೇರಲಿ. 1ನೇ ಪಿನ್ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್ ಜೊತೆಗೆ 104 ಅಂತ ಬರೆದಿರುವ ಕೆಪಾಸಿಟರ್ ಇರಲಿ.

ನಿಟುವಳ್ಳಿ ತಂತಿ

ಸರ್, ಬ್ಯಾಟರಿ ಹಾಕಿದ ತಕ್ಷಣ ಮುಕ್ಕಾಲು ಸದ್ದು ಹೋಯಿತು! ಅಡಾಪ್ಟರ್ ಬದಲಾಯಿಸುತ್ತೇನೆ. 2.7 ಕೆ ಹಾಕಿದೆ, ಹತ್ತು ಸಲ ಆನ್ ಆಫ್ ಮಾಡಿದೆ, ಒಂದು ಸಲವೂ ಕೈಕೊಡಲಿಲ್ಲ. ಇನ್ನೊಂದು ವಿಷಯ ಸಿಕ್ಕಿತು. ಡಬ್ಬಿಯ ಒಳಮೈಗೆ ಏನೋ ಲೇಪ ಇತ್ತು. ಜಾಕ್ ಕೂರುವ ಜಾಗದಲ್ಲಿ ಉಪ್ಪುಕಾಗದದಿಂದ ಉಜ್ಜಿದ ಮೇಲೆ ಡಬ್ಬಿ ಸರಿಯಾಗಿ ಗ್ರೌಂಡ್ ಆಯಿತು, ಹಮ್ ಕೂಡ ಇಳಿಯಿತು. ಇವತ್ತು ರಾತ್ರಿ ಫಿಲ್ಟರ್.

ಹಳೇ ಹೆಡ್ಡು, ದಾವಣಗೆರೆ

ತಮ್ಮಾ, ನಾನು ಮಂಡಿಪೇಟೆ ಹತ್ತಿರ ಇಪ್ಪತ್ತೆಂಟು ವರ್ಷ ಟೇಪ್ ರೆಕಾರ್ಡರ್ ರಿಪೇರಿ ಮಾಡಿದವನು. ದುರ್ಗದವರು ಮಂಕಿನ ವಿಷಯ ಸರಿಯಾಗಿ ಹೇಳಿದ್ದಾರೆ. ಅಲೆದಾಟದ ವಿಷಯ ನಾನು ಹೇಳುತ್ತೇನೆ.

ಅದು ಮೋಟಾರಿನಿಂದ, ಬೆಲ್ಟಿನಿಂದ, ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್‌ನಿಂದ ಬರುವುದು. ರೋಲರ್ ರಬ್ಬರ್ ಗಟ್ಟಿಯಾದರೆ ಟೇಪ್ ಒಂದೇ ವೇಗದಲ್ಲಿ ಓಡುವುದಿಲ್ಲ, ದನಿ ಏರಿಳಿಯುತ್ತದೆ. ಎಕೋ ಮೆಷಿನ್ ಅಂದರೆ ವೇಗ ಮತ್ತು ದೂರದ ಲೆಕ್ಕ. ಕ್ಯಾಸೆಟ್ ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಎರಡು ಹೆಡ್ಡಿನ ಮಧ್ಯೆ ಒಂದೂವರೆ ಸೆಂಟಿಮೀಟರ್ ಇಟ್ಟರೆ 315 ಮಿಲಿಸೆಕೆಂಡ್ ಎಕೋ. ನಾನೂ ಒಂದು ಸಲ ಡೆಕ್ ಬಿಚ್ಚಿ, ಟೇಪನ್ನು ಉಂಗುರದ ಹಾಗೆ ಅಂಟಿಸಿ, ಎರಡನೇ ಹೆಡ್ ಕೂರಿಸಿ ಓಡಿಸಿದ್ದೆ. ಓಡಿತು. ಅಂಟಿಸಿದ ಜಾಗ ಹೆಡ್ ಮೇಲೆ ಹಾದಾಗೆಲ್ಲ ಟಪ್ ಅನ್ನುತ್ತಿತ್ತು. ಅದನ್ನು ನಿಲ್ಲಿಸಲು ನನಗೆ ಆಗಲೇ ಇಲ್ಲ. ನೀನು ಐಸಿ ದಾರಿ ಹಿಡಿದದ್ದು ಒಳ್ಳೆಯದಾಯಿತು.

ರೋಲ್ಯಾಂಡ್‌ನವರ ಸ್ಪೇಸ್ ಎಕೋ ಆರ್‌ಇ-201 ಅನ್ನುವ ಟೇಪ್ ಎಕೋ ಮೆಷಿನ್ ಬಂದದ್ದು 1974ರಲ್ಲಿ. ಅದರಲ್ಲಿ ಪ್ಲೇ ಹೆಡ್ಡೇ ಮೂರು. ಟೈಮ್ ನಾಬ್ ತಿರುಗಿಸಿದರೆ ಮೋಟಾರಿನ ವೇಗ ಬದಲಾಗುತ್ತದೆ, ಅದಕ್ಕೇ ದನಿ ಬಗ್ಗುತ್ತದೆ. ನಿನ್ನ ಐಸಿಯಲ್ಲೂ ನಾಬ್ ತಿರುಗಿಸುವಾಗ ಹಾಗೇ ಬಗ್ಗುತ್ತದಲ್ಲ? ಅಲ್ಲಿ ಮೋಟಾರ್, ಇಲ್ಲಿ ಕ್ಲಾಕ್. ಹಾಗಾದರೆ ಆ ಕ್ಲಾಕನ್ನೇ ಮೆಲ್ಲಗೆ ಅಲ್ಲಾಡಿಸಿದರೆ ಆಯಿತು. ದುರ್ಗದ ಸರ್, ಅದು ಹೇಗೆ ಅಂತ ನೀವೇ ಹೇಳಿ.

ದುರ್ಗದ ಲ್ಯಾಬ್

ಹಿರಿಯರು ದಾರಿ ತೋರಿಸಿದ್ದಾರೆ. ಇನ್ನೊಂದು ಟಿಎಲ್072ರಲ್ಲಿ ನಿಧಾನದ ತ್ರಿಕೋನ ಅಲೆ ಮಾಡಿ, ಎರಡು ಸೆಕೆಂಡಿಗೆ ಒಂದು ಸುತ್ತು. ಅದರಿಂದ ಒಂದು ಎಲ್‌ಇಡಿ ಉರಿಸಿ. ಎದುರಿಗೆ ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್) ಇಟ್ಟು, ಎರಡನ್ನೂ ಕಪ್ಪು ಹೀಟ್‌ಶ್ರಿಂಕ್ ಕೊಳವೆಯಲ್ಲಿ ಮುಚ್ಚಿ, ಬೆಳಕು ಹೊರಗಿಂದ ಬರಬಾರದು. ಎಲ್‌ಡಿಆರ್‌ಗೆ ಸರಣಿಯಲ್ಲಿ 1 ಮೆಗ್ ರೆಸಿಸ್ಟರ್ ಹಾಕಿ, 6ನೇ ಪಿನ್‌ನಿಂದ ಗ್ರೌಂಡ್‌ಗೆ ಜೋಡಿಸಿ.

1 ಮೆಗ್ ಯಾಕೆ ಅಷ್ಟು ದೊಡ್ಡದು ಅಂತೀರಾ? ನಾನು ಮೊದಲು 220 ಕೆ ಹಾಕಿದ್ದೆ. ಗಿಟಾರ್ ಶ್ರುತಿಯೇ ತಪ್ಪಿದ ಹಾಗೆ ಕೇಳುತ್ತಿತ್ತು. ಡಿಲೇ ಸಮಯ ಬದಲಾಗಬೇಕಾದದ್ದು ನೂರಕ್ಕೆ ಒಂದರಷ್ಟು ಮಾತ್ರ. ಕಿವಿಗೆ ಅಲೆ ಅಂತ ಗೊತ್ತಾಗಬಾರದು, ಜೀವ ಇದೆ ಅಂತ ಗೊತ್ತಾಗಬೇಕು.

ನಿಟುವಳ್ಳಿ ತಂತಿ

ನಿನ್ನೆ ರಾತ್ರಿ ಫಿಲ್ಟರ್ ಒಳಗೆ ಹಾಕಿದೆ. 472 ಸಾಲಲಿಲ್ಲ, 682ಕ್ಕೆ ಬಂದೆ. ಡಯೋಡ್ ನನಗೆ ಜಾಸ್ತಿ ಆಯಿತು, ಎಲ್‌ಇಡಿ ಸರಿಹೋಯಿತು. ಗಿಟಾರ್ ಬದಲು ಮೊದಲು ಮೈಕ್ ಚುಚ್ಚಿ "ಹಲೋ" ಅಂದೆ. ಎರಡನೇ ರಿಪೀಟ್ ಗೋಡೆಯಾಚೆಗೆ ಹೋಯಿತು. ಮೂರನೆಯದರಲ್ಲಿ ಮಾತಿರಲಿಲ್ಲ. ಆಮೇಲೆ ಗಿಟಾರ್‌ನಲ್ಲಿ ಒಂದೇ ಸ್ವರ ಮೀಟಿ ಮೀಟಿ ಒಂದು ಗಂಟೆ ಕೂತಿದ್ದೆ.

ಎಲ್‌ಡಿಆರ್ ಭಾನುವಾರ ಹಾಕುತ್ತೇನೆ. ಇಬ್ಬರಿಗೂ ತುಂಬಾ ಧನ್ಯವಾದ.

ಹಳೇ ಹೆಡ್ಡು

ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ. ಪೆಡಲ್ ತಗೊಂಡು ಬಾ. ಆ ಕ್ಯಾಸೆಟ್ಟೂ ತಾ. ಅಲ್ಲಿಯವರೆಗೆ ಯಾವ ಡೆಕ್ಕಿಗೂ ಹಾಕಬೇಡ, ಟೇಪನ್ನು ಹೆಡ್ಡಿಗೆ ಒತ್ತುವ ಒಳಗಿನ ಪ್ರೆಷರ್ ಪ್ಯಾಡ್ ಉದುರಿರಬಹುದು, ಟೇಪ್ ಸುತ್ತಿಕೊಳ್ಳಬಹುದು. ಹೆಡ್ಡಿಗೆ ಸ್ಪಿರಿಟ್ ಹಚ್ಚಿ, ಪ್ಯಾಡ್ ಬದಲಾಯಿಸಿ, ಒಂದೇ ಸಲಕ್ಕೆ ನೆಟ್ಟಗೆ ಕಾಪಿ ಮಾಡಿಕೊಳ್ಳೋಣ.