ಮನೋಚಿಕಿತ್ಸೆಯಿಂದ ನಿಮಗೆ ನಿಜವಾಗಿ ಏನು ದೊರೆಯಿತು? (ಅನುಭವ ಹಂಚಿಕೆ)

ತುಮಕೂರಿನ ಉಪನ್ಯಾಸಕಿ (ಪ್ರಶ್ನೆ)

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ತಾಯಿ ತೀರಿಕೊಂಡ ಮೇಲೆ ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಮಕ್ಕಳ ಮೇಲೆ ಕಾರಣವಿಲ್ಲದೆ ರೇಗುವುದು, ತರಗತಿಯಲ್ಲಿ ಮಾತು ಅರ್ಧಕ್ಕೇ ನಿಂತುಹೋಗುವುದು ನಡೆದೇ ಇದೆ. ರಕ್ತ, ಥೈರಾಯ್ಡ್ ಎಲ್ಲ ಸರಿಯಾಗಿವೆ ಎಂದ ವೈದ್ಯರು ಮನೋಚಿಕಿತ್ಸೆಗೆ ಹೋಗಿ ಎಂದಿದ್ದಾರೆ. ಮನೆಯವರು ‘ಬರೀ ಮಾತನಾಡುವುದಕ್ಕೆ ಅಷ್ಟೊಂದು ದುಡ್ಡು ಸುರಿಯಬೇಕೇ?’ ಎನ್ನುತ್ತಾರೆ. ಹೋಗಿ ಬಂದವರು ತಮ್ಮ ಬದುಕಿನಲ್ಲಿ ಆದ ಪ್ರಯೋಜನವನ್ನು ದಯವಿಟ್ಟು ತಿಳಿಸಿ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಬೇಕೋ, ಆನ್‌ಲೈನ್ ಸಾಕೋ ಎಂಬುದೂ ನನ್ನ ಪ್ರಶ್ನೆ.

ಜಯನಗರದ ಎಂಜಿನಿಯರ್

ನನ್ನದು ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ನುಗ್ಗುವ ತೀವ್ರ ಭಯ. 2019ರಲ್ಲಿ ಎದೆ ಬಿಗಿದು, ಬೆರಳುಗಳೆಲ್ಲ ಜುಮುಗುಟ್ಟಿ, ಇನ್ನೇನು ಪ್ರಾಣ ಹೋಯಿತು ಎಂದುಕೊಂಡು ಖಾಸಗಿ ಆಸ್ಪತ್ರೆಯೊಂದರ ತುರ್ತು ಘಟಕ ಸೇರಿದಾಗ ಇಸಿಜಿ, ಹೃದಯಾಘಾತ ಪತ್ತೆಮಾಡುವ ಟ್ರೊಪೊನಿನ್ ರಕ್ತಪರೀಕ್ಷೆ, ಒಂದು ರಾತ್ರಿಯ ಹಾಸಿಗೆ ಎಲ್ಲ ಸೇರಿ 18,400 ರೂಪಾಯಿ ಬಿಲ್ ಆಯಿತು. ಮುಂದೆ ಹೃದಯದ ಸ್ಕ್ಯಾನ್ ಆದ ಎಕೋಗೆ 2,200, ನಡೆಸಿ ಓಡಿಸಿ ಹೃದಯ ಪರೀಕ್ಷಿಸುವ ಟಿಎಂಟಿಗೆ 1,800, ಗ್ಯಾಸ್ ಇರಬಹುದೆಂಬ ಅನುಮಾನಕ್ಕೆ ಎಂಡೋಸ್ಕೋಪಿಗೆ 4,500, ಎದೆಬಡಿತ ದಾಖಲಿಸಲು ಇಪ್ಪತ್ತನಾಲ್ಕು ಗಂಟೆ ಎದೆಗೆ ಅಂಟಿಸಿಕೊಂಡು ತಿರುಗುವ ಹಾಲ್ಟರ್ ಯಂತ್ರಕ್ಕೆ 3,500. ಎಲ್ಲ ವರದಿಗಳೂ ‘ಸಹಜ’ ಎಂದೇ ಬಂದವು. ಭಯ ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ ಆರಂಭಿಸಿದೆ. ಐವತ್ತು ನಿಮಿಷಕ್ಕೆ 1,800 ರೂಪಾಯಿ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ಮಾತಿಗಿಂತ ಅಭ್ಯಾಸವೇ ಹೆಚ್ಚು ಎಂಬುದನ್ನು ತಮ್ಮ ಮನೆಯವರಿಗೆ ಹೇಳಿ ಮೇಡಂ. ನನ್ನನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ಗಿರಗಿರನೆ ತಿರುಗಿಸಿದರು. ತಲೆ ಸುತ್ತಿ ಎದೆ ಹೊಡೆದುಕೊಳ್ಳುತ್ತಿರುವಾಗಲೇ ‘ಈಗ ನೀವು ಸಾಯುತ್ತೀರಿ ಎಂಬ ನಂಬಿಕೆ ನೂರಕ್ಕೆ ಎಷ್ಟು?’ ಎಂದು ಕೇಳಿ ಬರೆದುಕೊಂಡರು. ಮೂಗು ಹಿಡಿದು ಜ್ಯೂಸ್ ಕುಡಿಯುವ ಸ್ಟ್ರಾ ಮೂಲಕ ಉಸಿರಾಡಿಸಿದರು, ಮೆಟ್ಟಿಲು ಓಡಿ ಹತ್ತಿಸಿದರು. ಯಾವ ಲಕ್ಷಣಕ್ಕೆ ಹೆದರಿ ಆಸ್ಪತ್ರೆಗೆ ಓಡುತ್ತಿದ್ದೆನೋ ಅದನ್ನೇ ಬೇಕೆಂದು ಬರಿಸಿ, ತಾನಾಗಿಯೇ ಇಳಿಯುವವರೆಗೆ ಕಾಯಿಸಿದರು. ಎದೆಬಡಿತ ಇಂದಿಗೂ ಒಮ್ಮೊಮ್ಮೆ ಏರುತ್ತದೆ, ಆದರೆ ನಾನು ಓಡುವುದಿಲ್ಲ. ವರ್ಷಗಟ್ಟಲೆ ಬಿಟ್ಟಿದ್ದ ತುಮಕೂರು ರಸ್ತೆಯ ಮೇಲ್ಸೇತುವೆಯಲ್ಲಿ ಈಗ ಒಬ್ಬನೇ ಕಾರು ಓಡಿಸುತ್ತೇನೆ. ಒಂದು ಮಾತ್ರೆಯನ್ನೂ ನುಂಗದೆ ಇದು ಸಾಧ್ಯವಾಯಿತು ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಧಾರವಾಡದಾಕೆ

ಮೇಲಿನ ಮಹನೀಯರ ಕೊನೆಯ ವಾಕ್ಯವನ್ನು ಓದಿ ನನಗೆ ಕೋಪವೇ ಬಂದಿದೆ. ಇಂತಹ ಹೆಮ್ಮೆಯ ಮಾತುಗಳನ್ನು ನಂಬಿಯೇ ನಮ್ಮ ಮನೆಯವರು ನನಗೆ ಮಾತ್ರೆ ಕೊಡಿಸಲಿಲ್ಲ. ಹೆರಿಗೆಯಾದ ಮೇಲೆ ನನಗೆ ತೀವ್ರ ಖಿನ್ನತೆ ಹಿಡಿಯಿತು. ಕೂಸು ಅತ್ತರೆ ಎದ್ದು ಎತ್ತಿಕೊಳ್ಳುವಷ್ಟು ತ್ರಾಣವಿಲ್ಲ, ಊಟ ಸೇರುವುದಿಲ್ಲ, ‘ನಾನಿಲ್ಲದಿದ್ದರೆ ಇದಕ್ಕೆ ಒಳ್ಳೆಯದಾದೀತು’ ಎಂಬ ಒಂದೇ ಯೋಚನೆ. ಆಗ ಪರಿಚಯದವರೊಬ್ಬರು ಆಪ್ತಸಮಾಲೋಚನೆಯ ಕೇಂದ್ರವೊಂದಕ್ಕೆ ಕರೆದೊಯ್ದರು. ಅಲ್ಲಿ 24,000 ರೂಪಾಯಿಯ ‘ಪ್ಯಾಕೇಜ್’ ಅನ್ನು ಮುಂಗಡವಾಗಿ ಕಟ್ಟಿಸಿಕೊಂಡರು. ಅದರ ಮೇಲೆ ಕೈಪಿಡಿಗೆಂದು 1,500, ಧ್ಯಾನದ ಧ್ವನಿಮುದ್ರಿಕೆಗೆಂದು 900. ಆಕೆ ಹೇಳಿದ್ದು ‘ಪಾಸಿಟಿವ್ ಆಗಿ ಯೋಚಿಸಿ, ತಾಯ್ತನವನ್ನು ಆನಂದಿಸಿ’ ಎಂದಷ್ಟೆ. ಆಕೆಯ ಓದು ಕೆಲವು ವಾರಗಳ ಪ್ರಮಾಣಪತ್ರ ಎಂಬುದು ನಮಗೆ ಆಮೇಲೆ ತಿಳಿಯಿತು. ಹಣ ಹಿಂದಿರುಗಿಸಿ ಎಂದರೆ ರಸೀತಿಯ ಹಿಂಬದಿಯ ಸಣ್ಣ ಅಕ್ಷರ ತೋರಿಸಿದರು.

ನನ್ನನ್ನು ಉಳಿಸಿದ್ದು ನಾದಿನಿ. ಅವಳು ಹಟ ಹಿಡಿದು ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದಳು. ಮನೋವೈದ್ಯರು, ಹಾಲುಣಿಸುವ ತಾಯಂದಿರು ತೆಗೆದುಕೊಳ್ಳಬಹುದಾದ ಮಾತ್ರೆಯನ್ನು ಆರಿಸಿ ಕೊಟ್ಟು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಇವಳನ್ನು ಒಬ್ಬಳನ್ನೇ ಬಿಡಬೇಡಿ ಎಂದರು. ಅದರಂತೆಯೇ ಆಯಿತು. ತಲೆ ಎತ್ತುವ ಶಕ್ತಿ ಬಂದ ಮೇಲೆ ಅಲ್ಲಿನ ಸೈಕಾಲಜಿಸ್ಟ್ ಜೊತೆಗಿನ ಮಾತುಕತೆ ಉಪಕಾರಕ್ಕೆ ಬಂದದ್ದು ನಿಜ. ಅತ್ತೆಯವರಿಗೆ ‘ರಾತ್ರಿ ಕೂಸನ್ನು ನೀವು ನೋಡಿಕೊಳ್ಳಿ’ ಎಂದು ಅಳದೆ, ಜಗಳವಾಡದೆ ಹೇಳುವುದನ್ನು ನಾನು ಕಲಿತದ್ದು ಅಲ್ಲಿಯೇ. ಆದರೆ ಅದು ಆದದ್ದು ಮಾತ್ರೆಯ ನಂತರ. ಈ ಕ್ರಮವನ್ನು ಮರೆಸುವವರು ಜೀವದ ಜೊತೆ ಆಟವಾಡುತ್ತಿದ್ದಾರೆ.

ಜಯನಗರದ ಎಂಜಿನಿಯರ್

ನಾನು ನನ್ನ ಅನುಭವ ಹೇಳಿದೆನೇ ಹೊರತು ಯಾರಿಗೂ ಮಾತ್ರೆ ಬೇಡ ಎಂದಿಲ್ಲ. ತಮಗೆ ಸಿಕ್ಕ ಅರ್ಹತೆಯಿಲ್ಲದ ವ್ಯಕ್ತಿಯ ತಪ್ಪನ್ನು ನನ್ನ ತಲೆಗೆ ಕಟ್ಟಬೇಡಿ. ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಸಂಖ್ಯೆಯನ್ನು ಕೇಳಿ ಪರಿಶೀಲಿಸಿದ್ದರೆ ಆ 24,000 ಉಳಿಯುತ್ತಿತ್ತು.

ಧಾರವಾಡದಾಕೆ

ಬಾಣಂತಿ ಹಾಸಿಗೆಯಿಂದ ಏಳಲಾರದೆ ಮಲಗಿದ್ದಾಗ ನೋಂದಣಿ ಸಂಖ್ಯೆ ಹುಡುಕಬೇಕಿತ್ತು ಎನ್ನುವಿರಾ? ತಮ್ಮ ಹಾಲ್ಟರ್ ಯಂತ್ರದ ಲೆಕ್ಕ ತಮಗಿರಲಿ.

ಶಿವಮೊಗ್ಗದ ಆಪ್ತಸಮಾಲೋಚಕಿ

ಎರಡು ಮಾತು ಹೇಳಲೇಬೇಕಾಗಿದೆ. 1992ರ ಕಾಯ್ದೆಯಂತೆ ಆರ್‌ಸಿಐ ನೋಂದಣಿ ಕಡ್ಡಾಯವಾಗಿರುವುದು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ವೃತ್ತಿ ಮಾಡುವವರಿಗೆ. ಎರಡು ವರ್ಷ ಎಂ.ಎಸ್‌ಸಿ. ಓದಿ, ಹಿರಿಯರ ಮೇಲ್ವಿಚಾರಣೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡುವ ನಮ್ಮಂತಹ ಸಮಾಲೋಚಕರು ಆ ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ಮೋಸಗಾರರಾಗುವುದಿಲ್ಲ. ನಾನು ನಿಮಿಷ ಹಿಡಿದು ಹಣ ಪಡೆಯುವವಳಲ್ಲ. ವಿದ್ಯಾರ್ಥಿಗಳಿಗೆ 300 ರೂಪಾಯಿ, ಇಲ್ಲದವರಿಗೆ ಅದೂ ಇಲ್ಲ. ತೀವ್ರ ಖಿನ್ನತೆ ಕಂಡರೆ ಅದೇ ದಿನ ಮನೋವೈದ್ಯರ ಬಳಿ ಕಳುಹಿಸುತ್ತೇನೆ. ಧಾರವಾಡದ ಸೋದರಿಗೆ ಅದನ್ನೇ ಮಾಡಬೇಕಿತ್ತು, ಮಾಡಲಿಲ್ಲ, ಅದು ಅಕ್ಷಮ್ಯ. ಆದರೆ ಒಬ್ಬರ ತಪ್ಪಿಗೆ ಇಡೀ ವೃತ್ತಿಯನ್ನು ಹಳಿಯುವುದನ್ನು ನಾನು ಒಪ್ಪಲಾರೆ.

ಮೈಸೂರಿನ ಅಗ್ರಹಾರದವಳು

ನನ್ನದು ಗೀಳು ರೋಗ, ಓಸಿಡಿ. ಕೈ ತೊಳೆಯುವುದು, ಗ್ಯಾಸಿನ ರೆಗ್ಯುಲೇಟರ್ ಮುಟ್ಟಿ ನೋಡುವುದು, ಬಾಗಿಲು ಹಾಕಿ ಬೀದಿಯ ತುದಿಯವರೆಗೆ ಹೋಗಿ ಮತ್ತೆ ಬಂದು ಚಿಲಕ ಎಳೆಯುವುದು. ಬೆರಳ ಸಂದುಗಳು ಬಿರಿದು ರಕ್ತ ಬರುತ್ತಿತ್ತು, ಚರ್ಮದ ವೈದ್ಯರಿಗೇ ಕೈತುಂಬ ಕೊಟ್ಟಿದ್ದೇನೆ. ಮೊದಲು ಹೋದ ಥೆರಪಿಸ್ಟ್ ಜಾಣರೇ, ಆದರೆ ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ. ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದ ನನಗೆ ಅಜ್ಜಿ ಹಾಕಿದ ಭಯ ಎಂತಹುದೆಂದು ಅವರಿಗೆ ವಿವರಿಸುವುದರಲ್ಲೇ ಹೊತ್ತು ಕಳೆಯುತ್ತಿತ್ತು. ಬಾಯಿಪಾಠ ಒಪ್ಪಿಸಿದ ಹಾಗೆ ಒಪ್ಪಿಸಿ ಬರುತ್ತಿದ್ದೆ.

ಕನ್ನಡದವರೇ ಆದ ಇನ್ನೊಬ್ಬರ ಬಳಿ ಹೋದ ಮೇಲೆ ಕೆಲಸ ಮುಂದೆ ಸಾಗಿತು. ಅವರು ಮಾಡಿಸಿದ್ದು ಭಯವನ್ನು ಎದುರಿಸಿ, ತೊಳೆಯುವುದನ್ನು ತಡೆಹಿಡಿಯುವ ಇಆರ್‌ಪಿ ಪದ್ಧತಿ; ವಿಕ್ಟರ್ ಮೇಯರ್ ಎಂಬವರು 1966ರಲ್ಲಿ ಇದರ ಮೊದಲ ರೂಪವನ್ನು ಪ್ರಕಟಿಸಿದರಂತೆ. ಮೊದಲು ಏಣಿಯಂತೆ ಒಂದು ಪಟ್ಟಿ. ಕೆಳಗಿನ ಮೆಟ್ಟಿಲು ಬಸ್ಸಿನ ಕಂಬಿ, ಮೇಲಿನದು ಮನೆಯ ಹೊಸ್ತಿಲಲ್ಲಿ ಬಿಟ್ಟ ಚಪ್ಪಲಿಯ ಅಡಿ. ಚಪ್ಪಲಿಯ ಅಡಿಯನ್ನು ಬೆರಳಿನಿಂದ ಮುಟ್ಟಿ, ಕೈ ತೊಳೆಯದೆ, ಅದೇ ಬೆರಳಿನಲ್ಲಿ ನನ್ನ ಸೆರಗು ಮುಟ್ಟಿಕೊಂಡು ಅವರೆದುರು ಕುಳಿತಿರಬೇಕು. ಮೈಯೆಲ್ಲ ಬೆವರು, ಕಣ್ಣಲ್ಲಿ ನೀರು. ಅವರು ‘ಏನೂ ಆಗುವುದಿಲ್ಲ’ ಎಂದು ಸಮಾಧಾನ ಹೇಳಲಿಲ್ಲ. ಹಾಗೆ ಹೇಳಿದರೆ ಅದೂ ಒಂದು ಬಗೆಯ ತೊಳೆಯುವಿಕೆಯೇ ಆಗುತ್ತದಂತೆ. ನನ್ನ ಮಗಳ ತಲೆ ಬಾಚಿ ಎರಡು ಜಡೆ ಹಾಕಲು ನಾನು ಹೆದರುತ್ತಿದ್ದೆ, ಈಗ ದಿನವೂ ಹಾಕುತ್ತೇನೆ. ಇದಕ್ಕಿಂತ ದೊಡ್ಡ ಪ್ರಯೋಜನವನ್ನು ನನ್ನಿಂದ ಕೇಳಬೇಡಿ. ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೇನೆ, ಅದಕ್ಕೆ ನಾಚಿಕೆಯೂ ಇಲ್ಲ, ಹೆಮ್ಮೆಯೂ ಇಲ್ಲ.

ಲೆಸ್ಟರ್‌ನಲ್ಲಿರುವ ಕನ್ನಡಿಗ

ಇಂಗ್ಲೆಂಡಿನಲ್ಲಿ 2008ರಿಂದ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮನೋಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆ, ವೈದ್ಯರ ಚೀಟಿಯಿಲ್ಲದೆ ನಾವೇ ಹೆಸರು ನೋಂದಾಯಿಸಬಹುದು. ಪ್ರತಿ ಭೇಟಿಗೂ ಮುಂಚೆ ಖಿನ್ನತೆಯನ್ನು ಅಳೆಯುವ, ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ತುಂಬಿಸುತ್ತಾರೆ. 27ಕ್ಕೆ 19 ಇದ್ದ ನನ್ನ ಅಂಕ 6ಕ್ಕೆ ಇಳಿದದ್ದನ್ನು ಕಾಗದದ ಮೇಲೆ ನೋಡಿದಾಗ ಉಂಟಾದ ಧೈರ್ಯ ಬೇರೆ ಯಾವುದರಿಂದಲೂ ಬರಲಿಲ್ಲ. ಅಲ್ಲಿಯೂ ನಿಮ್ಮ ಚಿಕಿತ್ಸಕರಿಗೆ ಅಳೆಯಲು ಹೇಳಿ.

ಹಾಸನದ ಆಲೂಗಡ್ಡೆ ಬೆಳೆಗಾರ

ಲೆಸ್ಟರ್‌ನ ಮಾತು ತುಮಕೂರಿನವರಿಗೆ ಏನು ಉಪಯೋಗ? ಇಲ್ಲಿ ಎಲ್ಲರೂ 1,800, 24,000 ಎಂದು ಬರೆಯುತ್ತಿರುವುದನ್ನು ನೋಡಿದರೆ ಹಣವಿಲ್ಲದವರಿಗೆ ಮನಸ್ಸೇ ಇಲ್ಲವೇನೋ ಎಂದು ನೋವಾಗುತ್ತದೆ. ಅಂಗಮಾರಿ ರೋಗ ತಗುಲಿ ಹೊಲವೆಲ್ಲ ಕಪ್ಪಾದ ವರ್ಷ ಬಿತ್ತನೆ ಗೆಡ್ಡೆಯ ಸಾಲ, ಔಷಧದ ಅಂಗಡಿಯ ಸಾಲ, ಕೈಸಾಲ ಮೂರೂ ಸೇರಿ ನಾನು ಏನು ಮಾಡಿಕೊಳ್ಳುತ್ತಿದ್ದೆನೋ ಹೇಳಲಾರೆ. ತಂಗಿಯ ಮಗ 14416ಕ್ಕೆ ಕರೆ ಮಾಡಿ ಫೋನನ್ನು ನನ್ನ ಕೈಗೆ ಕೊಟ್ಟ. 2022ರ ಅಕ್ಟೋಬರ್ 10ರಂದು ಆರಂಭವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಅದು; ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಅವರ ಸೂಚನೆಯಂತೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕಂಡೆ. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶಕ್ಕೆಲ್ಲ ತಂದ ಕಾರ್ಯಕ್ರಮ ಅದು, ನಮ್ಮದೇ ನೆಲದ್ದು. ಅಲ್ಲಿನವರು ನನ್ನ ಸಾಲ ತೀರಿಸಲಿಲ್ಲ. ಒಂದು ಹಾಳೆಯಲ್ಲಿ ಮೂರು ಸಾಲಗಳನ್ನೂ ಬೇರೆ ಬೇರೆ ಬರೆಸಿ, ಈ ವಾರ ಯಾರನ್ನು ಭೇಟಿಯಾಗಬೇಕು, ಏನು ಹೇಳಬೇಕು ಎಂಬುದನ್ನು ನನ್ನ ಬಾಯಿಂದಲೇ ಹೊರಡಿಸಿದರು. ಸಾಲ ಕೊಟ್ಟವನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದವನು ಎದುರು ನಿಂತು ಕಂತು ಕೇಳಿದೆ.

ಜಯನಗರದ ಎಂಜಿನಿಯರ್

ಸಹಾಯವಾಣಿ ಬಹಳ ಒಳ್ಳೆಯದು, ಆದರೆ ಅದು ಆ ಹೊತ್ತಿನ ಆಸರೆ. ಒಬ್ಬರೇ ಚಿಕಿತ್ಸಕರೊಂದಿಗೆ ತಿಂಗಳುಗಟ್ಟಲೆ ನಡೆಯುವ ಥೆರಪಿಯನ್ನು ಅದರ ಜೊತೆ ಹೋಲಿಸುವುದು ಸರಿಯಲ್ಲ.

ಹಾಸನದ ಆಲೂಗಡ್ಡೆ ಬೆಳೆಗಾರ

ಆ ಹೊತ್ತಿನ ಆಸರೆ ಇಲ್ಲದಿದ್ದರೆ ತಿಂಗಳುಗಟ್ಟಲೆಯ ಮಾತು ಬರುತ್ತಿರಲಿಲ್ಲ ಸ್ವಾಮಿ.

ಕುಂದಾಪುರದ ನಿವೃತ್ತ ಬ್ಯಾಂಕ್ ಅಧಿಕಾರಿ

ತಾಯಿಯನ್ನು ಕಳೆದುಕೊಂಡು ಇಲ್ಲಿ ಪ್ರಶ್ನೆ ಕೇಳಿದ ಮೇಡಂ ಅವರನ್ನು ಎಲ್ಲರೂ ಮರೆತಿದ್ದಾರೆ. ನನ್ನ ಪತ್ನಿ ತೀರಿಕೊಂಡ ಮೇಲೆ ಅವಳ ಕಪಾಟನ್ನು ನಾನು ತೆರೆಯಲೇ ಇಲ್ಲ, ಮಗನಿಗೂ ತೆರೆಯಲು ಬಿಡಲಿಲ್ಲ. ಚಿಕಿತ್ಸಕರು ಅವಳಿಗೆ ಒಂದು ಪತ್ರ ಬರೆದು ತನ್ನಿ ಎಂದರು. ತಂದದ್ದನ್ನು ಅಲ್ಲಿಯೇ, ಗಟ್ಟಿಯಾಗಿ, ಒಂದು ಖಾಲಿ ಕುರ್ಚಿಗೆ ಓದಿಸಿದರು. ಆಸ್ಪತ್ರೆಯಲ್ಲಿ ಅವಳು ‘ಮನೆಗೆ ಹೋಗುವ’ ಎಂದಾಗ ನಾನು ‘ನಾಳೆ ಹೋಗುವ’ ಎಂದಿದ್ದೆ. ಆ ವಾಕ್ಯದ ಹತ್ತಿರ ಬಂದಾಗ ಮುಂದೆ ಓದಲಾಗಲಿಲ್ಲ. ಅವರು ಅವಸರ ಮಾಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗವರ್ಗೀಕರಣವು 2022ರಲ್ಲಿ ಜಾರಿಗೆ ಬಂದಾಗ, ಆರು ತಿಂಗಳು ಮೀರಿ ಬದುಕನ್ನು ಕುಂಠಿತಗೊಳಿಸುವ ದುಃಖವನ್ನು ಪ್ರತ್ಯೇಕ ಸಮಸ್ಯೆಯಾಗಿ ಸೇರಿಸಿದೆ. ತಾವು ಅತಿಯಾಗಿ ಆಡುತ್ತಿಲ್ಲ ಎಂಬುದಕ್ಕೆ ಮನೆಯವರಿಗೆ ಇದನ್ನು ತೋರಿಸಿ. ನಾನು ಈಗ ರಾತ್ರಿ ನಿದ್ದೆ ಮಾಡುತ್ತೇನೆ, ಅವಳ ಸೀರೆಗಳನ್ನು ಸೊಸೆಗೆ ಕೊಟ್ಟಿದ್ದೇನೆ.

ಆದರೆ ವಿಮೆಯ ವಿಚಾರ ಹೇಳದೆ ಇರಲಾರೆ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಕಲಮು, ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು ಎನ್ನುತ್ತದೆ. ನಾನು ರಸೀತಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ 31,200 ರೂಪಾಯಿಯ ಕ್ಲೇಮ್ ಹಾಕಿದೆ. ಆಸ್ಪತ್ರೆಯಲ್ಲಿ ದಾಖಲಾಗಿಲ್ಲ, ಹೊರರೋಗಿ ಚಿಕಿತ್ಸೆಗೆ ಹಣವಿಲ್ಲ ಎಂದು ತಿರಸ್ಕರಿಸಿದರು. ಮನೋಚಿಕಿತ್ಸೆಗೆ ಯಾರಾದರೂ ಹಾಸಿಗೆ ಹಿಡಿದು ಮಲಗುತ್ತಾರೆಯೇ?

ಜಯನಗರದ ಎಂಜಿನಿಯರ್

ಸರ್, ಹೃದಯದ ಹೊರರೋಗಿ ಚಿಕಿತ್ಸೆಗೂ ಅದೇ ಪಾಲಿಸಿ ಹಣ ಕೊಡುವುದಿಲ್ಲವಾದರೆ ಕಾಯ್ದೆಯ ಪ್ರಕಾರ ಎರಡೂ ಸಮಾನವೇ ಆಯಿತು. ಹೊರರೋಗಿ ಸೌಲಭ್ಯವನ್ನು ಹೆಚ್ಚುವರಿ ಪ್ರೀಮಿಯಂ ಕೊಟ್ಟು ಪಡೆಯಬೇಕು.

ಕುಂದಾಪುರದ ನಿವೃತ್ತ ಬ್ಯಾಂಕ್ ಅಧಿಕಾರಿ

ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿದ್ದವನಿಗೆ ಪ್ರೀಮಿಯಂ ಏನೆಂದು ತಾವು ಕಲಿಸಬೇಕಾಗಿಲ್ಲ. ಕಾಗದದ ಮೇಲಿನ ಸಮಾನತೆ ಚಿಕಿತ್ಸೆಯ ಸ್ವರೂಪವನ್ನೇ ನೋಡದಿದ್ದರೆ ಆ ಕಲಮು ಇದ್ದೂ ಇಲ್ಲದಂತೆ ಎಂಬುದು ನನ್ನ ವಾದ. ವಿಮೆಯ ದೂರುಗಳನ್ನು ವಿಚಾರಿಸುವ ವಿಮಾ ಲೋಕಪಾಲರ ಮುಂದೆಯೂ ಅದನ್ನೇ ಮಂಡಿಸಿದ್ದೇನೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು. ತುಮಕೂರಿನ ಮೇಡಂ, ತಾವು ಮೊದಲ ದಿನದಿಂದಲೇ ಚಿಕಿತ್ಸಕರ ಸಹಿ, ನೋಂದಣಿ ಸಂಖ್ಯೆ, ರೋಗದ ಹೆಸರು ಇರುವ ರಸೀತಿಯನ್ನೇ ಪಡೆಯಿರಿ.

ಮೈಸೂರಿನ ಅಗ್ರಹಾರದವಳು

ಆನ್‌ಲೈನ್ ಸಾಕೇ ಎಂದು ಕೇಳಿದ್ದೀರಿ, ಯಾರೂ ಉತ್ತರಿಸಲಿಲ್ಲ. ಚಪ್ಪಲಿ ಮುಟ್ಟುವ ಅಭ್ಯಾಸದ ಬಹುಪಾಲನ್ನು ನಾನು ಮಾಡಿದ್ದು ವಿಡಿಯೋ ಕರೆಯಲ್ಲಿ, ನಮ್ಮ ಮನೆಯ ಹೊಸ್ತಿಲಲ್ಲೇ ನಿಂತು. ಅವರ ಕೋಣೆಗಿಂತ ಅದು ಹೆಚ್ಚು ಫಲ ಕೊಟ್ಟಿತು. ಬೇಕಿರುವುದು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಮತ್ತು ಆ ಹೊತ್ತಿನಲ್ಲಿ ಬಾಗಿಲು ತಟ್ಟುವುದಿಲ್ಲ ಎಂದು ಮನೆಯವರಿಂದ ಪಡೆದ ಮಾತು. ಅದು ಸಿಗದಿದ್ದರೆ ಬೆಂಗಳೂರಿನ ರೈಲು ಹತ್ತಿ.